ಟ್ಯೂಬ್‌ಗೆ ಮೊದಲೇ ಹೆಸರು ಬರೆದಿಟ್ಟರೆ ಏನು ತೊಂದರೆ? ಲ್ಯಾಬ್ ಮೇಡಂ ಉತ್ತರ

ಪ್ರಶ್ನೆ (ಸ್ಟಾಫ್ ನರ್ಸ್, ಮೆಡಿಸಿನ್ ವಾರ್ಡ್): ನಮಸ್ತೆ ಮೇಡಂ. ನೈಟ್ ಡ್ಯೂಟಿಯಲ್ಲಿ ಬೆಳಗಿನ ಸ್ಯಾಂಪಲ್ ನಾವೇ ತೆಗೀಬೇಕು. ವಾರ್ಡ್ ತುಂಬಿರುತ್ತೆ, ಕೈ ಕಮ್ಮಿ. ಅದಕ್ಕೆ ಟೇಬಲ್ ಹತ್ತಿರ ಕೂತು ಎಲ್ಲ ಟ್ಯೂಬ್‌ಗೂ ಮೊದಲೇ ಹೆಸರು ಬರೆದಿಟ್ಟುಕೊಳ್ಳುತ್ತೇವೆ. ಇನ್‌ಚಾರ್ಜ್ ಸಿಸ್ಟರ್ ಬೇಡ ಅಂತಾರೆ. ಇನ್ನೊಂದು, ಲೇಬಲ್ ಇಲ್ಲದೆ ಹೋದ ಟ್ಯೂಬ್‌ಗೆ ನಾವೇ ಲ್ಯಾಬ್‌ಗೆ ಬಂದು ಬರೆಯುತ್ತೇವೆ ಅಂದರೂ ಲ್ಯಾಬ್‌ನವರು ಒಪ್ಪಲ್ಲ. ರೋಗಿಗೆ ಮತ್ತೆ ಚುಚ್ಚಬೇಕು. ಇದು ಸರಿನಾ?

ಉತ್ತರ (ಹಿರಿಯ ಲ್ಯಾಬ್ ಟೆಕ್ನಾಲಜಿಸ್ಟ್): ಸಿಸ್ಟರ್, ನಿಮ್ಮ ಇನ್‌ಚಾರ್ಜ್ ಹೇಳಿದ್ದೇ ಸರಿ. ರಕ್ತ ತೆಗೆದ ಮೇಲೆ, ರೋಗಿಯ ಪಕ್ಕ ಬಿಟ್ಟು ಕದಲುವ ಮುಂಚೆ ಲೇಬಲ್ ಹಚ್ಚಬೇಕು.

ಮೊದಲೇ ಬರೆದರೆ ಆಗುವುದು ಇಷ್ಟು. ಏಳನೇ ಬೆಡ್ಡಿನ ಅಜ್ಜಿ ಬಾತ್‌ರೂಮಿಗೆ ಹೋಗಿರುತ್ತಾರೆ. ನೀವು ಎಂಟನೇ ಬೆಡ್ಡಿಗೆ ಹೋಗುತ್ತೀರಿ. ಕೈಗೆ ಸಿಕ್ಕಿದ್ದು ಏಳರ ಟ್ಯೂಬ್. ಅದರ ಮೇಲೆ ಹೆಸರಿದೆ, ಐಪಿ ನಂಬರ್ (ಒಳರೋಗಿಯ ದಾಖಲಾತಿ ಸಂಖ್ಯೆ) ಇದೆ, ಫಾರ್ಮ್‌ಗೂ ತಾಳೆ ಆಗುತ್ತೆ. ಒಳಗಿರುವ ರಕ್ತ ಮಾತ್ರ ಬೇರೆಯವರದು. ಮಷಿನ್‌ಗೆ ಇದು ಗೊತ್ತಾಗಲ್ಲ. ಹಳೆಯ ರಿಪೋರ್ಟ್ ಇದ್ದರೆ ಹೋಲಿಸಿ ಅನುಮಾನ ಪಡಬಹುದು, ಅಷ್ಟೇ. ಹಿಮೋಗ್ಲೋಬಿನ್ ಆದರೆ ಮತ್ತೆ ನೋಡಬಹುದು. ಕ್ರಾಸ್ ಮ್ಯಾಚ್ (ರಕ್ತ ಏರಿಸುವ ಮುಂಚೆ ಹೊಂದಿಕೆ ನೋಡುವ ಪರೀಕ್ಷೆ) ಸ್ಯಾಂಪಲ್ ಹೀಗೆ ಅದಲು ಬದಲಾದರೆ ಬೇರೆ ಗುಂಪಿನ ರಕ್ತ ಮೈಗೆ ಹೋಗಬಹುದು. ಕಿಡ್ನಿ ಕೆಡಬಹುದು, ಜೀವವೇ ಹೋಗಬಹುದು. ಲೇಬಲ್ ಇಲ್ಲದ ಟ್ಯೂಬ್‌ಗೆ ಲ್ಯಾಬ್‌ನಲ್ಲಿ ನಿಂತು ಹೆಸರು ಬರೆಯಲು ಬಿಡದಿರುವುದೂ ಇದಕ್ಕೇ. ಆಗ ಬರೆಯುವುದು ನೆನಪಿನ ಮೇಲೆ ಅಲ್ವಾ? ಮತ್ತೆ ಚುಚ್ಚಿಸಿಕೊಳ್ಳುವ ನೋವು ನನಗೂ ಅರ್ಥವಾಗುತ್ತೆ, ಆದರೂ ಇಲ್ಲಿ ನಾನು ರಾಜಿ ಆಗುವುದಿಲ್ಲ. ಬೆನ್ನುಹುರಿ ನೀರು, ಬಯಾಪ್ಸಿ ತುಂಡು ಇಂಥವು ಮತ್ತೆ ತೆಗೆಯೋದು ಕಷ್ಟ. ಅವಕ್ಕೆ ಮಾತ್ರ ತೆಗೆದ ಡಾಕ್ಟರೇ ಬಂದು ಗುರುತಿಸಿ, ಸಹಿ ಹಾಕಿ, ಹೊಣೆ ಹೊರಬೇಕು.

ಹೆಸರು ಕೇಳುವ ರೀತಿಯೂ ಮುಖ್ಯ. "ಲಕ್ಷ್ಮಮ್ಮ ಅಲ್ವಾ?" ಅಂದರೆ ಜ್ವರದಲ್ಲಿರುವವರು, ಕಿವಿ ಮಂದ ಇರುವವರು ಸುಮ್ನೆ "ಹ್ಞೂಂ" ಅಂತಾರೆ. "ನಿಮ್ಮ ಹೆಸರೇನಮ್ಮ?" ಅಂತ ಕೇಳಿ, ಅವರ ಬಾಯಲ್ಲೇ ಬರಲಿ. ಆಮೇಲೆ ಕೈಪಟ್ಟಿಯ ನಂಬರ್ ನೋಡಿ. ಒಂದೇ ವಾರ್ಡಿನಲ್ಲಿ ಇಬ್ಬರು ಲಕ್ಷ್ಮಮ್ಮ ಇರುವುದು ನಮ್ಮಲ್ಲಿ ಮಾಮೂಲು. ಆದ್ದರಿಂದ ಪೂರ್ತಿ ಹೆಸರು, ಐಪಿ ನಂಬರ್ ಎರಡೂ ಬೇಕು. ಬೆಡ್ ನಂಬರ್ ಲೆಕ್ಕಕ್ಕಿಲ್ಲ, ಬೆಡ್ ಬದಲಾಗುತ್ತಲೇ ಇರುತ್ತೆ. ತೆಗೆದ ಸಮಯ, ನಿಮ್ಮ ಸಹಿ ಕೂಡ ಹಾಕಿ.

ಪ್ರಶ್ನೆ (ನರ್ಸಿಂಗ್ ವಿದ್ಯಾರ್ಥಿನಿ): ಮೇಡಂ, ಕೆಂಪು ಮುಚ್ಚಳದ ಟ್ಯೂಬಿಗೆ ರಕ್ತ ಸಾಲದಿದ್ದರೆ ನೇರಳೆ ಮುಚ್ಚಳದ ಟ್ಯೂಬಿನಿಂದ ಸ್ವಲ್ಪ ಹಾಕಬಹುದಾ?

ಉತ್ತರ: ಬೇಡವೇ ಬೇಡ ಕಣಮ್ಮ. ನೇರಳೆ ಟ್ಯೂಬಿನಲ್ಲಿ ಇಡಿಟಿಎ ಇದೆ, ಅದು ಪೊಟ್ಯಾಸಿಯಮ್ ಲವಣ. ಅದು ಕ್ಯಾಲ್ಸಿಯಮ್ ಅನ್ನು ಹಿಡಿದುಕೊಳ್ಳುತ್ತೆ, ಅದಕ್ಕೇ ರಕ್ತ ಹೆಪ್ಪುಗಟ್ಟಲ್ಲ. ಸ್ವಲ್ಪ ಬೆರೆತರೂ ರಿಪೋರ್ಟಿನಲ್ಲಿ ಪೊಟ್ಯಾಸಿಯಮ್ ಏರುತ್ತೆ, ಕ್ಯಾಲ್ಸಿಯಮ್ ಇಳಿಯುತ್ತೆ. ರೋಗಿ ಆರಾಮಾಗಿ ಕೂತು ಕಾಫಿ ಕುಡಿಯುತ್ತಿರುತ್ತಾರೆ, ರಿಪೋರ್ಟ್‌ನಲ್ಲಿ ಪೊಟ್ಯಾಸಿಯಮ್ 9! ಅದನ್ನು ನಂಬಿ ಔಷಧಿ ಕೊಟ್ಟರೆ ಇಲ್ಲದ ಕಾಯಿಲೆಗೆ ಚಿಕಿತ್ಸೆ ಆಯಿತು. ರಕ್ತ ತುಂಬುವ ಕ್ರಮವೂ ಇದಕ್ಕೇ ಇರುವುದು: ಮೊದಲು ಬ್ಲಡ್ ಕಲ್ಚರ್ (ರೋಗಾಣು ಬೆಳೆಸಿ ನೋಡುವ ಪರೀಕ್ಷೆ) ಬಾಟಲಿ, ಆಮೇಲೆ ನೀಲಿ, ಕೆಂಪು ಅಥವಾ ಹಳದಿ, ಹಸಿರು, ನೇರಳೆ, ಕೊನೆಗೆ ಬೂದು. ನೀಲಿ ಟ್ಯೂಬನ್ನು ಗೆರೆವರೆಗೂ ತುಂಬಿಸಿ. ಅದರಲ್ಲಿ ಹೆಪ್ಪುಗಟ್ಟದಂತೆ ತಡೆಯುವ ಸಿಟ್ರೇಟ್ ಇರುತ್ತೆ, ಒಂದು ಪಾಲು ಸಿಟ್ರೇಟಿಗೆ ಒಂಬತ್ತು ಪಾಲು ರಕ್ತ ಬೇಕು. ಡ್ರಿಪ್ ಹೋಗುತ್ತಿರುವ ಕೈಯಿಂದ ತೆಗೀಬೇಡಿ. ಟ್ಯೂಬನ್ನು ಜೋರಾಗಿ ಕುಲುಕಬೇಡಿ, ಮೆಲ್ಲಗೆ ಮೇಲೆ ಕೆಳಗೆ ತಿರುಗಿಸಿದರೆ ಸಾಕು.

ಪ್ರಶ್ನೆ (ಡಿ ಗ್ರೂಪ್ ನೌಕರ): ಮೇಡಂ, ದಾರಿಯಲ್ಲಿ ಟ್ಯೂಬ್ ಬಿದ್ದು ಒಡೆದರೆ?

ಉತ್ತರ: ಬರಿಗೈಯಲ್ಲಿ ಮುಟ್ಟಬೇಡಿಪ್ಪ. ಗ್ಲೌಸ್ ಹಾಕಿ, ಚೂರುಗಳನ್ನು ಚಿಮಟದಲ್ಲಿ ಎತ್ತಿ, ಗಾಜು ನೀಲಿ ಗುರುತಿನ ಡಬ್ಬಕ್ಕೆ ಹಾಕಿ. ರಕ್ತದ ಮೇಲೆ ಹತ್ತಿ ಅಥವಾ ಪೇಪರ್ ಹಾಕಿ 1% ಹೈಪೋಕ್ಲೋರೈಟ್ (ಬ್ಲೀಚ್ ದ್ರಾವಣ) ಸುರಿದು ಅರ್ಧ ಗಂಟೆ ಬಿಟ್ಟು ಒರೆಸಿ. ಕೈಗೆ ಚುಚ್ಚಿದರೆ ಹಿಂಡಬೇಡಿ. ಸೋಪು ನೀರಲ್ಲಿ ತೊಳೆದು ತಕ್ಷಣ ಕ್ಯಾಜುವಾಲ್ಟಿಗೆ ಹೋಗಿ. ಎಚ್‌ಐವಿ ತಡೆಯುವ ಮಾತ್ರೆ ಬೇಕಾದರೆ ಎರಡು ಗಂಟೆಯೊಳಗೆ ಶುರು ಮಾಡಿದರೆ ಒಳ್ಳೆಯದು, 72 ಗಂಟೆ ದಾಟಬಾರದು. "ಏನಾಗಲ್ಲ ಬಿಡು" ಅಂತ ಮುಚ್ಚಿಡಬೇಡಿ.

ಪ್ರಶ್ನೆ (ಮೊದಲು ಕೇಳಿದ ನರ್ಸ್): ಥ್ಯಾಂಕ್ಸ್ ಮೇಡಂ. ನಮ್ಮಲ್ಲಿ ಎಷ್ಟೋ ಸಲ ರೋಗಿಯ ಮನೆಯವರ ಕೈಯಲ್ಲೇ ಸ್ಯಾಂಪಲ್ ಕಳಿಸುತ್ತೇವೆ. ಅಟೆಂಡರ್ ಇರಲ್ಲ.

ಉತ್ತರ: ಆದಷ್ಟು ಬೇಡ ಸಿಸ್ಟರ್. ಅವರು ಗಾಬರಿಯಲ್ಲಿರುತ್ತಾರೆ, ಟ್ಯೂಬ್ ಜೇಬಿಗೆ ಹಾಕಿಕೊಂಡು ಮೆಡಿಕಲ್ ಶಾಪಿಗೂ ಹೋಗಿ ಬರುತ್ತಾರೆ. ಗ್ಲೂಕೋಸ್ ಸ್ಯಾಂಪಲ್ ಹಾಗೇ ಇದ್ದರೆ ಗಂಟೆಗೆ ಸುಮಾರು 5–7% ಇಳಿಯುತ್ತೆ. ಮೂತ್ರ ಕಲ್ಚರ್ ಎರಡು ಗಂಟೆಯೊಳಗೆ ನಮಗೆ ತಲುಪಬೇಕು, ಇಲ್ಲಾಂದ್ರೆ ಫ್ರಿಜ್‌ನಲ್ಲಿಡಿ. ಬ್ಲಡ್ ಕಲ್ಚರ್ ಬಾಟಲಿಯನ್ನು ಮಾತ್ರ ಫ್ರಿಜ್‌ಗೆ ಹಾಕಬೇಡಿ. ಗತಿಯೇ ಇಲ್ಲದಿದ್ದರೆ ಸೋರದ ಜಿಪ್ ಕವರಿನಲ್ಲಿ ಟ್ಯೂಬ್ ಹಾಕಿ, ಫಾರ್ಮನ್ನು ಹೊರಗಿನ ಜೇಬಿನಲ್ಲಿಡಿ. ಮುಚ್ಚಳ ಇರುವ ಡಬ್ಬದಲ್ಲಿ ಕೊಟ್ಟು, ನೇರ ಲ್ಯಾಬ್‌ಗೇ ಹೋಗಿ ಅಂತ ಹೇಳಿ, ನಮಗೊಂದು ಫೋನ್ ಮಾಡಿ. ಕ್ರಾಸ್ ಮ್ಯಾಚ್ ಸ್ಯಾಂಪಲ್ ಮಾತ್ರ ಯಾವತ್ತೂ ಮನೆಯವರ ಕೈಗೆ ಕೊಡಬೇಡಿ. ಅಟೆಂಡರ್ ಬೇಕು ಅಂತ ಸೂಪರಿಂಟೆಂಡೆಂಟ್‌ಗೆ ಬರೆದು ಕೊಡಿ. ನಿಮ್ಮ ಪತ್ರದ ಜೊತೆ ಲ್ಯಾಬ್ ಕಡೆಯಿಂದ ನಾನೂ ಒಂದು ಬರೆಯುತ್ತೇನೆ.