ಕೆಲಸ ಸಿಕ್ಕಿದ ಮೇಲಿನ ಕೆಲಸ

ಅಕ್ಕ, ನೀವು ಬೆಳಿಗ್ಗೆ ಕಳಿಸಿದ ವಾಯ್ಸ್ ಮೆಸೇಜ್ ಪೂರ್ತಿ ಕೇಳಿದೆ. ಉತ್ತರ ಸ್ವಲ್ಪ ಉದ್ದ ಆಗುತ್ತದೆ, ಬಿಡುವಾದಾಗ ಕೇಳಿ. ಗ್ರೂಪ್‌ನಲ್ಲಿ ಅದನ್ನು ಕೇಳದವರಿಗೆ ಎರಡೇ ಮಾತಲ್ಲಿ ಹೇಳಿಬಿಡುತ್ತೇನೆ. ಅಕ್ಕನ ತಂಡ ಓದು ಅರ್ಧಕ್ಕೆ ಬಿಟ್ಟ ಹುಡುಗ ಹುಡುಗಿಯರಿಗೆ, ಜೊತೆಗೆ ಕೆಲವು ಅಂಗವಿಕಲರಿಗೆ ತರಬೇತಿ ಕೊಟ್ಟು ಕೆಲಸಕ್ಕೆ ಸೇರಿಸಿತ್ತು. ಕೆಲವೇ ತಿಂಗಳಲ್ಲಿ ಅರ್ಧದಷ್ಟು ಜನ ಬಿಟ್ಟು ಬಂದರು. ಮುಂದಿನ ಬ್ಯಾಚ್‌ಗೆ ತರಬೇತಿಯನ್ನು ಇನ್ನೂ ಮೂರು ತಿಂಗಳು ಹೆಚ್ಚಿಸೋಣವಾ ಅಂತ ಅಕ್ಕ ಕೇಳಿದ್ದಾರೆ. ಅದಕ್ಕೆ ಮಾವ "ಈಗಿನವರಿಗೆ ಕಷ್ಟಪಡುವ ಮನಸ್ಸಿಲ್ಲ" ಅಂತ ಒಂದು ಸಾಲು ಹಾಕಿ ಸುಮ್ಮನಾದರು.

ಬೇಡ ಅಕ್ಕ. ಆ ಮೂರು ತಿಂಗಳಿಗೆ ಆಗುವ ದುಡ್ಡು, ಅದಕ್ಕೆ ಬೇಕಾಗುವ ಜನ, ಎರಡನ್ನೂ ಅವರು ಕೆಲಸಕ್ಕೆ ಸೇರಿದ ನಂತರಕ್ಕೆ ಇಟ್ಟುಕೊಳ್ಳಿ.

ಬಿಟ್ಟು ಬಂದವರನ್ನು ಒಬ್ಬೊಬ್ಬರನ್ನಾಗಿ ಕೂರಿಸಿ ಕೇಳಿ ನೋಡಿ. ಮೊದಲು "ಸೆಟ್ ಆಗಲಿಲ್ಲ" ಅನ್ನುತ್ತಾರೆ. ಇನ್ನೊಂದು ಸಲ ಕೇಳಿದರೆ ನಿಜವಾದ ಕಾರಣ ಹೊರಗೆ ಬರುತ್ತದೆ. ಕೆಲಸ ಮಾಡೋಕೆ ಬರಲಿಲ್ಲ ಅನ್ನುವವರು ಅದರಲ್ಲಿ ಕಮ್ಮಿ. ಶಿಫ್ಟ್ ಬದಲಾಯಿತು, ರಾತ್ರಿ ವಾಪಸ್ ಬರೋಕೆ ಬಸ್ಸಿಲ್ಲ. ಅಮ್ಮನಿಗೆ ಹುಷಾರಿರಲಿಲ್ಲ, ರಜೆ ಯಾರನ್ನು ಕೇಳಬೇಕು ಅಂತ ಗೊತ್ತಾಗಲಿಲ್ಲ, ಹೇಳದೆ ಎರಡು ದಿನ ಉಳಿದುಬಿಟ್ಟೆ, ಮೂರನೇ ದಿನ ಹೋಗೋಕೆ ಹೆದರಿಕೆಯಾಯಿತು. ಊಟದ ಹೊತ್ತಲ್ಲಿ ಯಾರೂ ಮಾತಾಡಿಸುತ್ತಿರಲಿಲ್ಲ. ಚೆನ್ನಾಗಿ ನೋಡಿಕೊಳ್ಳುತ್ತಿದ್ದ ಸೂಪರ್‌ವೈಸರ್ ಬೇರೆ ಕಡೆ ಹೋದರು, ಹೊಸದಾಗಿ ಬಂದವರಿಗೆ ನನಗೆ ಕಿವಿ ಕೇಳಿಸುವುದಿಲ್ಲ ಅಂತಲೇ ಯಾರೂ ಹೇಳಿರಲಿಲ್ಲ. ಇದರಲ್ಲಿ ಯಾವುದನ್ನು ನೀವು ಕ್ಲಾಸಿನಲ್ಲಿ ಕೂರಿಸಿ ಸರಿಮಾಡುತ್ತೀರಿ?

ದುಡ್ಡಿನ ವಿಷಯ ಬೇರೆಯಾಗಿಯೇ ಹೇಳಬೇಕು. ಸಂಬಳ ಬರುವುದು ತಿಂಗಳು ದುಡಿದ ಮೇಲೆ. ಖರ್ಚು ಶುರುವಾಗುವುದು ಮೊದಲ ದಿನವೇ. ಓಡಾಟಕ್ಕೆ ಬೇಕು, ಮಧ್ಯಾಹ್ನದ ಊಟಕ್ಕೆ ಬೇಕು, ಹೇಳಿದ ಬಣ್ಣದ ಶರ್ಟು ಶೂ ಬೇಕು. ದಿನಗೂಲಿಗೆ ಹೋದರೆ ಸಂಜೆಗೇ ಕೈಗೆ ಕಾಸು ಬರುತ್ತದೆ. ಮನೆಯಲ್ಲಿ ಆ ಕಾಸಿಗೆ ಕಾಯುವವರಿದ್ದರೆ ಹುಡುಗ ಎರಡನೇ ವಾರಕ್ಕೆ ಹಳೆ ಕೂಲಿಗೆ ಹೋಗಿಬಿಡುತ್ತಾನೆ. ಮಾವ, ಬೇಜಾರು ಮಾಡಿಕೊಳ್ಳಬೇಡಿ, ಅವನ ಜಾಗದಲ್ಲಿ ನೀವಿದ್ದರೂ ಇದೇ ಲೆಕ್ಕ ಹಾಕುತ್ತಿದ್ದಿರಿ. ಅನಾಥಾಲಯದಲ್ಲಿ ಬೆಳೆದು 18 ತುಂಬಿದ ಮೇಲೆ ಹೊರಗೆ ಬಂದವರ ಪಾಡು ಇನ್ನೂ ಕಷ್ಟ. ಮೊದಲ ಸಂಬಳದವರೆಗೆ ಕೈಸಾಲ ಕೊಡುವ ಒಬ್ಬ ಅಣ್ಣನೂ ಅವರಿಗೆ ಇರುವುದಿಲ್ಲ. ಹಾಗಾಗಿ ಮೊದಲ ಸಂಬಳ ಬರುವವರೆಗಿನ ಓಡಾಟದ ಖರ್ಚನ್ನು ನಿಮ್ಮ ಬಜೆಟ್‌ನಲ್ಲೇ ಸೇರಿಸಿ. ಇದಕ್ಕಿಂತ ಕಮ್ಮಿ ದುಡ್ಡಲ್ಲಿ ಇದಕ್ಕಿಂತ ಜಾಸ್ತಿ ಫಲ ಕೊಡುವ ಖರ್ಚು ನನಗಂತೂ ಗೊತ್ತಿಲ್ಲ.

ಅಂಗವಿಕಲರಿಗೆ ಇದರ ಜೊತೆ ಇನ್ನೊಂದು ಹೆದರಿಕೆ ಇರುತ್ತದೆ. ಕೆಲಸಕ್ಕೆ ಸೇರಿದರೆ ಬರುತ್ತಿರುವ ಮಾಸಾಶನ ನಿಂತುಹೋಗುತ್ತದಾ? ಆಮೇಲೆ ಕೆಲಸವೂ ಹೋದರೆ ಎರಡೂ ಇಲ್ಲದ ಹಾಗೆ ಆಗುತ್ತದಾ? ಎಷ್ಟೋ ಮನೆಗಳಲ್ಲಿ ಅಪ್ಪ ಅಮ್ಮನೇ ಈ ಭಯಕ್ಕೆ ಮಗನನ್ನು ವಾಪಸ್ ಕರೆಸಿಕೊಳ್ಳುತ್ತಾರೆ. ನಿಯಮ ಏನಿದೆ ಅಂತ ಸೇರುವ ಮೊದಲೇ ಕೇಳಿ ತಿಳಿದು, ಕಾಗದದ ಮೇಲೆ ಲೆಕ್ಕ ಬರೆದು ಮನೆಯವರಿಗೆ ತೋರಿಸಬೇಕು. ಬಾಯಿಮಾತಿನ ಧೈರ್ಯ ಇಲ್ಲಿ ಸಾಲುವುದಿಲ್ಲ.

ಇನ್ನು ತರಬೇತಿ ಮೊದಲು, ಕೆಲಸ ಆಮೇಲೆ ಅನ್ನುವ ಕ್ರಮ. ಅದನ್ನೇ ತಿರುಗಿಸಿ ನೋಡಿದವರಿದ್ದಾರೆ. 1990ರ ದಶಕದಲ್ಲಿ ಅಮೆರಿಕದ ನ್ಯೂ ಹ್ಯಾಂಪ್‌ಶೈರ್‌ನಲ್ಲಿ ರಾಬರ್ಟ್ ಡ್ರೇಕ್ ಮತ್ತು ಡೆಬೊರಾ ಬೆಕರ್ ತೀವ್ರ ಮಾನಸಿಕ ಕಾಯಿಲೆ ಇರುವವರಿಗಾಗಿ ಒಂದು ಪದ್ಧತಿ ರೂಪಿಸಿದರು. ಹೆಸರು ಇಂಡಿವಿಜುವಲ್ ಪ್ಲೇಸ್‌ಮೆಂಟ್ ಅಂಡ್ ಸಪೋರ್ಟ್, ಚಿಕ್ಕದಾಗಿ ಐಪಿಎಸ್. ಪೊಲೀಸ್ ಐಪಿಎಸ್ ಅಲ್ಲ ಮಾವ! ಕೆಲಸ ಮಾಡಬೇಕು ಅನ್ನುವ ಆಸೆ ಇದ್ದರೆ ಸಾಕು, "ನೀನಿನ್ನೂ ತಯಾರಾಗಿಲ್ಲ" ಅಂತ ಅಲ್ಲಿ ಯಾರನ್ನೂ ಹೊರಗಿಡುವುದಿಲ್ಲ. ತಿಂಗಳುಗಟ್ಟಲೆ ಕ್ಲಾಸ್ ಮಾಡದೆ ಬೇಗ ಕೆಲಸ ಹುಡುಕೋಕೆ ಶುರು ಮಾಡುತ್ತಾರೆ. ಎಲ್ಲರಿಗೂ ಸಿಗುವಂಥ ಮಾಮೂಲಿ ಕೆಲಸ, ಮಾಮೂಲಿ ಸಂಬಳ. ಯಾವ ಕೆಲಸ ಬೇಕು ಅಂತ ಹೇಳುವುದು ಆ ವ್ಯಕ್ತಿ. ಚಿಕಿತ್ಸೆ ಕೊಡುವವರೂ ಕೆಲಸ ಕೊಡಿಸುವವರೂ ಒಟ್ಟಿಗೆ ಕೂತು ಮಾತಾಡುತ್ತಾರೆ. ಸೇರಿದ ಮೇಲೆ ಬೆಂಬಲಕ್ಕೆ ಕೊನೆಯ ದಿನಾಂಕ ಇಲ್ಲ, ಬೇಕಿರುವಷ್ಟು ದಿನ ಇರುತ್ತದೆ. ಬೇರೆ ಬೇರೆ ದೇಶಗಳಲ್ಲಿ ಇದನ್ನು ಹಳೆ ಪದ್ಧತಿಯ ಪಕ್ಕ ಇಟ್ಟು ಪರೀಕ್ಷೆ ಮಾಡಿದ್ದಾರೆ. ಒಟ್ಟಾರೆ ನೋಡಿದರೆ ಐಪಿಎಸ್‌ನಲ್ಲಿ ಸುಮಾರು ಎರಡು ಪಟ್ಟು ಜನಕ್ಕೆ ಕೆಲಸ ಸಿಕ್ಕಿದೆ.

ತರಬೇತಿಯೇ ಬೇಡ ಅಂತ ನಾನು ಹೇಳುತ್ತಿಲ್ಲ. ವೆಲ್ಡಿಂಗ್ ಗೊತ್ತಿಲ್ಲದವನನ್ನು ವೆಲ್ಡಿಂಗಿಗೆ ಕಳಿಸೋಕಾಗುತ್ತದಾ? ಆದರೆ "ವ್ಯಕ್ತಿತ್ವ ವಿಕಸನ" ಅಂತ ವಾರಗಟ್ಟಲೆ ಎಳೆಯುತ್ತೀರಲ್ಲ, ಅದರಲ್ಲಿ ಮುಕ್ಕಾಲು ಭಾಗ ಕೆಲಸದ ಜಾಗದಲ್ಲೇ ಕಲಿಯುವಂಥದ್ದು.

ಈಗ ಕಂಪನಿಯವರ ಹತ್ತಿರ ಮಾತಾಡುವ ರೀತಿ. ಇದರ ಬಗ್ಗೆ ನನಗೆ ಸ್ವಲ್ಪ ಸಿಟ್ಟೇ ಇದೆ, ಹೇಳಿಬಿಡುತ್ತೇನೆ. "ಪಾಪ, ಒಂದು ಅವಕಾಶ ಕೊಡಿ ಸಾರ್" ಅಂತ ಕೇಳೋಕೆ ಹೋಗಬೇಡಿ. ಪಾಪ ಅಂತ ಕೊಟ್ಟ ಕೆಲಸವನ್ನು ಕಂಪನಿಗೆ ಕಷ್ಟ ಬಂದ ದಿನ ಮೊದಲು ಕಿತ್ತುಹಾಕುತ್ತಾರೆ. ಅದರ ಬದಲು ಎರಡು ಪ್ರಶ್ನೆ ಕೇಳಿ. ನಿಮ್ಮಲ್ಲಿ ಯಾವ ಕೆಲಸಕ್ಕೆ ಜನ ನಿಲ್ಲುತ್ತಿಲ್ಲ? ಯಾವ ಕೆಲಸ ಮಾಡೋಕೆ ಯಾರಿಗೂ ಪುರುಸೊತ್ತಿಲ್ಲದೆ ಬಾಕಿ ಬೀಳುತ್ತಿದೆ?

1996ರಲ್ಲಿ ಅಮೆರಿಕದ ಸಿನ್ಸಿನಾಟಿಯ ಮಕ್ಕಳ ಆಸ್ಪತ್ರೆಯಲ್ಲಿ ಆಗಿದ್ದು ಹೀಗೆಯೇ. ತುರ್ತು ಚಿಕಿತ್ಸಾ ವಿಭಾಗವನ್ನು ನೋಡಿಕೊಳ್ಳುತ್ತಿದ್ದ ನರ್ಸ್ ಒಬ್ಬರಿಗೆ ಒಂದೇ ತಲೆನೋವು. ಕಪಾಟುಗಳಲ್ಲಿ ಸಾಮಾನು ತುಂಬಿಸಿಡುವ ಕೆಲಸಕ್ಕೆ ಬಂದವರು ಯಾರೂ ನಿಲ್ಲುತ್ತಿರಲಿಲ್ಲ. ಸಿರಿಂಜ್, ಬ್ಯಾಂಡೇಜ್ ಎಲ್ಲ ಇರಬೇಕಾದ ಜಾಗದಲ್ಲೇ ಇರಬೇಕು, ತಪ್ಪಬಾರದು, ದಿನಾ ಅದೇ ಕೆಲಸ. ಬುದ್ಧಿ ಬೆಳವಣಿಗೆಯ ತೊಂದರೆ ಇರುವ ಯುವಕರಿಗೆ ಇದನ್ನು ಕಲಿಸಿದರೆ ಹೇಗೆ ಅಂತ ಅವರಿಗೆ ಹೊಳೆಯಿತು. ಅಲ್ಲಿಂದ ಶುರುವಾಗಿದ್ದು ಪ್ರಾಜೆಕ್ಟ್ ಸರ್ಚ್. ಈಗ ಹಲವು ದೇಶಗಳಲ್ಲಿ ನಡೆಯುತ್ತಿದೆ. ಶಾಲೆಯ ಕೊನೆಯ ವರ್ಷವನ್ನು ಪೂರ್ತಿ ಕೆಲಸದ ಜಾಗದಲ್ಲೇ ಕಳೆಯುತ್ತಾರೆ. ಒಂದೇ ಸಂಸ್ಥೆಯ ಬೇರೆ ಬೇರೆ ವಿಭಾಗಗಳಲ್ಲಿ ಸರದಿ ಪ್ರಕಾರ ಕಲಿಯುತ್ತಾರೆ. ಹುಡುಗನಿಗೆ ಯಾವುದು ಹಿಡಿಸುತ್ತದೆ, ಯಾವುದು ಆಗುವುದೇ ಇಲ್ಲ ಅನ್ನುವುದು ನಾಲ್ಕು ಗೋಡೆಯ ಇಂಟರ್‌ವ್ಯೂಗಿಂತ ಇಲ್ಲಿ ಚೆನ್ನಾಗಿ ಗೊತ್ತಾಗುತ್ತದೆ.

ಇಂಟರ್‌ವ್ಯೂ ಅಂದಾಗ ನೆನಪಾಯಿತು. ಆಟಿಸಂ ಇರುವ ಹುಡುಗಿಯನ್ನು "ನಿಮ್ಮ ಬಗ್ಗೆ ಹೇಳಿ" ಅಂತ ಕೇಳಿದರೆ ಎಲ್ಲಿಂದ ಶುರು ಮಾಡಬೇಕು ಅಂತಲೇ ತೋಚುವುದಿಲ್ಲ. ಅದೇ ಹುಡುಗಿಗೆ ನೂರು ಬಿಲ್ ಕೊಟ್ಟು ತಪ್ಪು ಹುಡುಕಿ ಅನ್ನಿ, ಕಂಪನಿಯವರೇ ಬಾಯಿಬಿಟ್ಟು ನೋಡುತ್ತಾರೆ. ಹಾಗಾಗಿ ಮಾತಿನ ಬದಲು ಕೆಲಸ ಕೊಟ್ಟೇ ನೋಡಿ ಅಂತ ಕಂಪನಿಯನ್ನು ಒಪ್ಪಿಸಿ. ಆದರೆ ಹುಷಾರು, ಟ್ರಯಲ್ ಅಂತ ಹೇಳಿ ತಿಂಗಳುಗಟ್ಟಲೆ ಬಿಟ್ಟಿ ದುಡಿಸಿಕೊಳ್ಳುವವರೂ ಇದ್ದಾರೆ. ಎಷ್ಟು ದಿನ, ಎಷ್ಟು ದುಡ್ಡು ಅನ್ನುವುದು ಮೊದಲೇ ಬರವಣಿಗೆಯಲ್ಲಿ ಇರಲಿ.

ಕಲಿಯುವುದು ನಿಧಾನ ಅನ್ನುವವರ ಬಗ್ಗೆ ನೀವು ಕೇಳಿದ್ದಿರಿ. 1970ರ ಆಸುಪಾಸಿನಲ್ಲಿ ಅಮೆರಿಕದಲ್ಲಿ ಮಾರ್ಕ್ ಗೋಲ್ಡ್ ಅಂತ ಒಬ್ಬರು ಇದ್ದರು. "ಇವರಿಗೆ ಏನೂ ಕಲಿಸೋಕಾಗಲ್ಲ" ಅಂತ ಬೇರೆಯವರು ಕೈಬಿಟ್ಟವರಿಗೆ 15 ಬಿಡಿಭಾಗಗಳ ಸೈಕಲ್ ಬ್ರೇಕ್ ಜೋಡಿಸುವುದನ್ನು ಕಲಿಸಿ ತೋರಿಸಿದರು. ಮಾಡಿದ್ದು ಇಷ್ಟೇ: ಇಡೀ ಕೆಲಸವನ್ನು ಸಣ್ಣ ಸಣ್ಣ ಹಂತಗಳಾಗಿ ಒಡೆಯುವುದು, ಮಾತು ಕಮ್ಮಿ ಮಾಡಿ ಕೈಯಲ್ಲಿ ತೋರಿಸುವುದು, ಕಲಿಯಲಿಲ್ಲ ಅಂದರೆ ಕಲಿಸುವವನು ತನ್ನ ದಾರಿ ಬದಲಾಯಿಸುವುದು. ನಿಮ್ಮ ತಂಡದ ಜಾಬ್ ಕೋಚ್‌ಗಳು, ಅಂದರೆ ಕೆಲಸದ ಜಾಗದಲ್ಲೇ ಜೊತೆಗಿದ್ದು ಕಲಿಸುವವರು, ಇದನ್ನು ಮಾಡಬೇಕು. ಹುಡುಗ ಸೇರುವ ಮೊದಲು ಅವರೇ ಆ ಜಾಗಕ್ಕೆ ಹೋಗಿ ಆ ಕೆಲಸವನ್ನು ಸ್ವಲ್ಪ ಹೊತ್ತು ಮಾಡಿ ನೋಡಲಿ. ಸುಮ್ನೆ ಎಚ್‌ಆರ್ ಜೊತೆ ಕಾಫಿ ಕುಡಿದು ಬಂದರೆ ಏನೂ ಗೊತ್ತಾಗುವುದಿಲ್ಲ.

ಅಂಗವಿಕಲರಿಗೆ ಕೆಲಸದ ಜಾಗದಲ್ಲಿ ಬೇಕಾದ ಅನುಕೂಲಗಳ ವಿಷಯಕ್ಕೆ ಬಂದರೆ, ಕಂಪನಿಯವರು ಖರ್ಚು ಅಂತ ಹೆದರುತ್ತಾರೆ. ಅಮೆರಿಕದಲ್ಲಿ ಜಾಬ್ ಅಕಾಮಡೇಷನ್ ನೆಟ್‌ವರ್ಕ್ ಅನ್ನುವ ಸಲಹಾ ಸೇವೆ ಇದೆ. ಅವರು ಕಂಪನಿಗಳನ್ನೇ ಕೇಳುತ್ತಾ ಬಂದಿದ್ದಾರೆ. ಮಾಡಿಕೊಟ್ಟ ಅನುಕೂಲಗಳಲ್ಲಿ ಅರ್ಧದಷ್ಟಕ್ಕೆ ಒಂದು ಪೈಸೆಯೂ ಖರ್ಚಾಗಿಲ್ಲ. ಶಿಫ್ಟ್ ಅರ್ಧ ಗಂಟೆ ಆಚೀಚೆ ಮಾಡುವುದು, ಹೇಳಬೇಕಾದ್ದನ್ನು ಬರೆದು ಕೊಡುವುದು, ಗದ್ದಲ ಇಲ್ಲದ ಮೂಲೆಯಲ್ಲಿ ಕೂರಿಸುವುದು, ಇದಕ್ಕೆಲ್ಲ ಏನು ಖರ್ಚು ಹೇಳಿ? ಇದು ಕಂಪನಿಯ ಉಪಕಾರವೂ ಅಲ್ಲ. 2006ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಅಂಗವಿಕಲರ ಹಕ್ಕುಗಳ ಒಪ್ಪಂದದ 27ನೇ ವಿಧಿಯಲ್ಲಿ ಕೆಲಸದ ಹಕ್ಕಿನ ಜೊತೆಗೇ ಇದೂ ಇದೆ. ಕಣ್ಣು ಕಾಣದವರಿಗೆ ಕಂಪ್ಯೂಟರ್ ಪರದೆ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಅನ್ನುವ ಸ್ಕ್ರೀನ್ ರೀಡರ್ ಉಚಿತವಾಗಿ ಸಿಗುತ್ತದೆ. ಆಸ್ಟ್ರೇಲಿಯಾದ ಮೈಕಲ್ ಕರನ್ 2006ರಲ್ಲಿ ಶುರು ಮಾಡಿದ್ದು, ಅವರಿಗೂ ಕಣ್ಣು ಕಾಣುವುದಿಲ್ಲ. ಆದರೆ ಕಂಪನಿಯ ಒಳಗಿನ ಸಾಫ್ಟ್‌ವೇರ್ ಅದರ ಜೊತೆ ಸರಿಯಾಗಿ ನಡೆಯುತ್ತದಾ ಅಂತ ಸೇರುವ ಮೊದಲೇ ನೋಡಿ. ಅಷ್ಟು ಚುರುಕಾದ ಹುಡುಗಿ ಹಾಜರಿ ಹಾಕುವ ಒಂದು ಬಟನ್ ಸಿಗದೆ ದಿನಾ ಪಕ್ಕದವರನ್ನು ಕೇಳುವ ಹಾಗಾದರೆ ಎಷ್ಟು ದಿನ ತಡೆದಾಳು?

ಜಾಬ್ ಕೋಚ್ ಬಗ್ಗೆ ಒಂದು ಎಚ್ಚರಿಕೆ. ಮೊದಲ ವಾರಗಳಲ್ಲಿ ಹತ್ತಿರವೇ ಇರಬೇಕು, ಆಮೇಲೆ ಮೆಲ್ಲಗೆ ಹಿಂದೆ ಸರಿಯಬೇಕು. ಸರಿಯದಿದ್ದರೆ ಅಲ್ಲಿನವರು ಹುಡುಗನ ಜೊತೆ ಮಾತಾಡುವುದೇ ಇಲ್ಲ, ಎಲ್ಲವನ್ನೂ ಕೋಚ್‌ಗೇ ಹೇಳುತ್ತಾರೆ. ಅಲ್ಲೇ ಕೆಲಸ ಮಾಡುವ ಒಬ್ಬರನ್ನು ಹುಡುಕಿ. ಕಂಪನಿ ನೇಮಿಸಿದವರಿಗಿಂತ ತಾವಾಗಿಯೇ ಮಾತಾಡಿಸುವವರು ಒಬ್ಬರು ಎಲ್ಲ ಕಡೆ ಇರುತ್ತಾರೆ, ಅವರೇ ವಾಸಿ. ಕೋಚ್ ದೂರವಾದ ಮೇಲೂ ಫೋನ್ ನಿಲ್ಲಿಸಬಾರದು. ಸೂಪರ್‌ವೈಸರ್ ಬದಲಾದರೆ, ಶಿಫ್ಟ್ ಬದಲಾದರೆ, ಮನೆ ಬದಲಾದರೆ ಮತ್ತೆ ಹೋಗಿ ನಿಲ್ಲಬೇಕು. ಎಲ್ಲ ಚೆನ್ನಾಗಿದೆ ಅಂದುಕೊಂಡ ಕೆಲಸಗಳು ಮುರಿಯುವುದು ಬಹಳ ಸಲ ಇಂಥ ಹೊತ್ತಲ್ಲೇ.

ಅಂಗವಿಕಲರಲ್ಲದ ಯುವಕರ ವಿಷಯದಲ್ಲಿ ಶಿಸ್ತು ಬೇಕೋ ಪ್ರೀತಿ ಬೇಕೋ ಅಂತ ಮಾವ ಹಿಂದೊಮ್ಮೆ ವಾದ ಮಾಡಿದ್ದರು. 2000ದಲ್ಲಿ ಅಮೆರಿಕದ ಬಾಸ್ಟನ್‌ನಲ್ಲಿ ಶುರುವಾದ ಇಯರ್ ಅಪ್ ಅನ್ನುವ ಯುವಕರ ತರಬೇತಿ ಕಾರ್ಯಕ್ರಮದಲ್ಲಿ ಎರಡೂ ಇದೆ. ಅರ್ಧ ವರ್ಷ ಕಲಿಕೆ, ಅರ್ಧ ವರ್ಷ ಕಂಪನಿಯಲ್ಲಿ ಇಂಟರ್ನ್‌ಶಿಪ್, ಅಷ್ಟೂ ದಿನ ಸ್ಟೈಪೆಂಡ್. ತಡವಾಗಿ ಬಂದರೆ ಪಾಯಿಂಟ್ ಹೋಗುತ್ತದೆ, ಸ್ಟೈಪೆಂಡ್ ಕಟ್ ಆಗುತ್ತದೆ. ಜೊತೆಗೆ ಕಷ್ಟಸುಖ ಕೇಳುವ ಒಬ್ಬರು ಪ್ರತಿಯೊಬ್ಬರಿಗೂ ಇರುತ್ತಾರೆ. ಸೇರಿದವರನ್ನೂ ಸೇರದವರನ್ನೂ ವರ್ಷಗಟ್ಟಲೆ ಹೋಲಿಸಿ ನೋಡಿದ್ದಾರೆ, ಸೇರಿದವರ ಗಳಿಕೆ ಜಾಸ್ತಿಯಾಗಿ ಹಾಗೆಯೇ ಉಳಿದಿದೆ. ಅಲ್ಲಿನ ಕಲಿಕೆ ಉಪಯೋಗಕ್ಕೆ ಬಂದಿದ್ದು ಇಂತಿಂಥ ಕಂಪನಿಗೆ ಇಂತಿಂಥದ್ದು ಬೇಕು ಅಂತ ಕೇಳಿಕೊಂಡು ಕಲಿಸಿದ್ದರಿಂದ.

ಇನ್ನು ದಾನಿಗಳಿಗೆ ಕೊಡುವ ವರದಿ. "ಇಷ್ಟು ಜನಕ್ಕೆ ಆಫರ್ ಲೆಟರ್ ಸಿಕ್ಕಿತು" ಅನ್ನುವ ಸಾಲನ್ನು ತೆಗೆದುಬಿಡಿ. ಆರು ತಿಂಗಳು, ಒಂದು ವರ್ಷ ಆದಮೇಲೆ ಎಷ್ಟು ಜನ ದುಡಿಯುತ್ತಿದ್ದಾರೆ ಅಂತ ಬರೆಯಿರಿ. ಮೊದಲ ಕಂಪನಿ ಬಿಟ್ಟು ಇನ್ನೂ ಒಳ್ಳೆಯ ಕಡೆ ಹೋಗಿದ್ದರೆ ಅದನ್ನು ಸೋಲಿನ ಪಟ್ಟಿಗೆ ಹಾಕಬೇಡಿ. ಇದರಲ್ಲೂ ಒಂದು ಹಳ್ಳ ಇದೆ. ಬ್ರಿಟನ್ನಿನಲ್ಲಿ 2011ರಲ್ಲಿ ಕೆಲಸವಿಲ್ಲದವರಿಗೆ ಸಂಸ್ಥೆಗಳ ಮೂಲಕ ಕೆಲಸ ಕೊಡಿಸೋಕೆ ಸರ್ಕಾರ ವರ್ಕ್ ಪ್ರೋಗ್ರಾಂ ಅಂತ ಶುರು ಮಾಡಿತು. ಕೆಲಸದಲ್ಲಿ ಉಳಿದರೆ ಮಾತ್ರ ಸಂಸ್ಥೆಗಳಿಗೆ ಪೂರ್ತಿ ದುಡ್ಡು. ಕೇಳೋಕೆ ಸರಿಯಾಗಿಯೇ ಇದೆ ಅಲ್ವಾ? ಆದರೆ ಸುಲಭವಾಗಿ ಕೆಲಸ ಸಿಗುವವರ ಮೇಲೆ ಜಾಸ್ತಿ ಗಮನ ಕೊಟ್ಟು, ಅಂಗವಿಕಲರನ್ನೂ ಕಷ್ಟ ಜಾಸ್ತಿ ಇರುವವರನ್ನೂ ಪಕ್ಕಕ್ಕೆ ಕೂರಿಸಿದರು ಅನ್ನುವ ದೂರು ಉದ್ದಕ್ಕೂ ಇತ್ತು. ಆದ್ದರಿಂದ ಯಾರನ್ನು ಸೇರಿಸಿಕೊಂಡಿರಿ, ಯಾರನ್ನು ವಾಪಸ್ ಕಳಿಸಿದಿರಿ ಅನ್ನುವುದೂ ಅದೇ ವರದಿಯಲ್ಲಿ ಇರಲಿ.

ಚಿಕ್ಕಮ್ಮ ಮೂರ್ಛೆ ರೋಗ ಇರುವ ಹುಡುಗಿಯ ಬಗ್ಗೆ ಕೇಳಿದ್ದರಲ್ಲ, ಅದನ್ನು ಕಂಪನಿಗೆ ಹೇಳಬೇಕಾ ಬೇಡವಾ ಅಂತ. ಅದು ಆ ಹುಡುಗಿಯ ತೀರ್ಮಾನ ಚಿಕ್ಕಮ್ಮ, ನಮ್ಮದಲ್ಲ. ಹೇಳಿದರೆ ಏನಾಗಬಹುದು, ಹೇಳದಿದ್ದರೆ ಏನಾಗಬಹುದು ಅಂತ ಅವಳ ಜೊತೆ ಕೂತು ಮಾತಾಡಿ. ಎತ್ತರದ ಜಾಗ, ಬಿಸಿ ಎಣ್ಣೆ, ತಿರುಗುವ ಯಂತ್ರ ಇರುವ ಕೆಲಸವಾದರೆ ಮಾತ್ರ ಜೀವದ ಪ್ರಶ್ನೆ, ಅಲ್ಲಿ ಮುಚ್ಚಿಡಬೇಡ ಅಂತಲೇ ನಾನು ಹೇಳುತ್ತೇನೆ. ಹೇಳುವುದಾದರೆ ಕಾಯಿಲೆಯ ಹೆಸರಿಗಿಂತ, ಫಿಟ್ಸ್ ಬಂದಾಗ ಪಕ್ಕದವರು ಏನು ಮಾಡಬೇಕು, ಏನು ಮಾಡಬಾರದು ಅನ್ನುವುದನ್ನು ಹೇಳಲಿ. ಬಾಯಿಗೆ ಏನನ್ನೂ ತುರುಕಬಾರದು, ಪಕ್ಕಕ್ಕೆ ಹೊರಳಿಸಿ ಮಲಗಿಸಬೇಕು, ಐದು ನಿಮಿಷ ದಾಟಿದರೆ ಆಂಬುಲೆನ್ಸ್ ಕರೆಯಬೇಕು. ಇಷ್ಟು ಗೊತ್ತಿದ್ದರೆ ಜನರ ಹೆದರಿಕೆ ಅರ್ಧ ಇಳಿಯುತ್ತದೆ.

ಅಕ್ಕ, ಹೊಸ ಬ್ಯಾಚ್ ತೆಗೆದುಕೊಳ್ಳುವ ಮೊದಲು ಬಿಟ್ಟು ಬಂದವರ ಪಟ್ಟಿ ನನಗೆ ಬೇರೆಯಾಗಿ ಕಳಿಸಿ, ಗ್ರೂಪ್‌ಗೆ ಹಾಕಬೇಡಿ. ಮತ್ತೆ ಹೋಗೋಕೆ ಒಪ್ಪುವವರು ಅದರಲ್ಲಿ ಖಂಡಿತ ಇರುತ್ತಾರೆ, ಅವರಿಂದಲೇ ಶುರು ಮಾಡೋಣ. ಹಳೆ ಕಂಪನಿಗಳಿಗೆ ಫೋನ್ ಮಾಡೋಕೆ ನಿಮಗೆ ಮುಜುಗರ ಆದರೆ ಅದನ್ನು ನಾನು ಮಾಡುತ್ತೇನೆ. ಓಡಾಟದ ಖರ್ಚಿನ ಲೆಕ್ಕ ಮಾತ್ರ ಮಾವನೇ ಹಾಕಲಿ, ಅದರಲ್ಲಿ ಅವರನ್ನು ಮೀರಿಸುವವರು ನಮ್ಮಲ್ಲಿ ಯಾರೂ ಇಲ್ಲ.