ಮಲ್ಲಿಗೆ ಗಿಡ ಎಲೆ ಬಿಡ್ತಿದೆ, ಹೂ ಬಿಡ್ತಿಲ್ಲ (ಜೊತೆಗೆ ಇನ್ನೊಂದೆರಡು ಪ್ರಶ್ನೆ)

ಪೇಂಟ್‌ಬಕೆಟ್_ತೋಟ · ನವೆಂಬರ್ 16

ಎಲ್ರಿಗೂ ನಮಸ್ಕಾರ. ತುಂಬಾ ದಿನದಿಂದ ಇಲ್ಲಿ ಸುಮ್ನೆ ಓದ್ಕೊಂಡು ಹೋಗ್ತಿದ್ದೆ, ಬರೀತಿರೋದು ಇದೇ ಮೊದಲು, ತಪ್ಪಿದ್ರೆ ಹೊಟ್ಟೆಗೆ ಹಾಕ್ಕೊಳಿ. ಊರು ತಿಪಟೂರು. ನಮ್ದೊಂದು ಸಣ್ಣ ಪೇಂಟ್ ಮತ್ತೆ ಹಾರ್ಡ್‌ವೇರ್ ಅಂಗಡಿ ಇದೆ. ಯಜಮಾನ್ರು ಹೋಗಿ ಒಂದೂವರೆ ವರ್ಷ ಆಯ್ತು, ಬೆಳಿಗ್ಗೆ ಶಟರ್ ಎತ್ತಕ್ಕೆ ಹೋದವ್ರು ಮನೆಗೆ ವಾಪಸ್ ನಡ್ಕೊಂಡು ಬರ್ಲಿಲ್ಲ. ಅದನ್ನ ಜಾಸ್ತಿ ಬರೆಯಲ್ಲ.

ಮೊದ್ಲು ಮಲ್ಲಿಗೆ. ತಾರಸಿ ಮೇಲೆ ಖಾಲಿ 20 ಲೀಟರ್ ಪೇಂಟ್ ಬಕೆಟ್‌ಗಳಲ್ಲಿ ಗಿಡ ಹಾಕಿದೀನಿ, ಅಂಗಡಿದೇ ಬಕೆಟ್, ಕಬ್ಬಿಣದ ಸಲಾಕೆ ಕಾಯಿಸಿ ತಳಕ್ಕೆ ತೂತು ಮಾಡಿ, ಅಡಿಗೆ ತೆಂಗಿನ ಸಿಪ್ಪೆ ಹಾಕಿ (ನಮ್ಮೂರಲ್ಲಿ ಅದಕ್ಕೇನು ಬರ) ಮೇಲೆ ಮಣ್ಣು ಗೊಬ್ಬರ. ಬದನೆ, ಬಸಳೆ, ದೊಡ್ಡಪತ್ರೆ ಎಲ್ಲಾ ಚೆನ್ನಾಗೇ ಬರ್ತಿದೆ. ದುಂಡು ಮಲ್ಲಿಗೆ ಮಾತ್ರ ಎರಡು ವರ್ಷದ ಗಿಡ, ಅವರೇ ತಂದಿದ್ದು, ಪೊದೆ ಥರ ಎಲೆ ಬಿಟ್ಕೊಂಡು ನಿಂತಿದೆ, ಹೋದ ಬೇಸಿಗೆಲಿ ಒಟ್ಟು ಮೂರು ಹೂ. ತಿಂಗಳಿಗೆ ಎರಡು ಸಲ ಸಗಣಿ ನೀರು ಹಾಕ್ತೀನಿ, ದಿನಾ ನೀರು ಹಾಕ್ತೀನಿ, ಇನ್ನೇನು ಮಾಡ್ಬೇಕು?

ಎರಡನೇದು. ರಾತ್ರಿ ಹೊತ್ತು ಬರೆಯೋದು ಶುರು ಮಾಡಿದೀನಿ. ಅಂಗಡಿ ಹಳೇ ಖಾತೆ ಪುಸ್ತಕದಲ್ಲಿ ಅರ್ಧ ಹಾಳೆ ಖಾಲಿ ಇತ್ತು, ಎಡಗಡೆ ಜಮಾ ಬಲಗಡೆ ಖರ್ಚು ಅಂತ ಅವರ ಕೈಲೇ ಗೆರೆ ಎಳೆದಿರೋದು. ಅದ್ರಲ್ಲೇ ಬರೀತೀನಿ. ಜಮಾ ಕಡೆ "ನಾಲ್ಕು ಬದನೆ, ಅತ್ತೆ ಎರಡು ಹೊತ್ತು ಊಟ ಮಾಡಿದ್ರು" ಅಂತ, ಖರ್ಚು ಕಡೆ ಬೇರೆ ಏನೇನೋ. ಆದ್ರೆ ಬರೆದು ಮಲಗಿದ್ರೆ ಮಾರನೇ ದಿನ ಎದೆ ಭಾರ, ಬರೀದೆ ಇದ್ದಾಗ್ಲೇ ಚೆನ್ನಾಗಿದ್ದೆ ಅನ್ಸತ್ತೆ. ನಿಮಗ್ಯಾರಿಗಾದ್ರೂ ಹಿಂಗೆ ಆಗಿದ್ಯಾ?

ಇನ್ನೊಂದು, ಇದು ಪ್ರಶ್ನೆನೋ ಗೋಳೋ ಗೊತ್ತಿಲ್ಲ. ನಂದು ಪಿಯುಸಿ ಆರ್ಟ್ಸ್. ಅಂಗಡಿ ಲೆಕ್ಕ ಎಲ್ಲಾ ಅವರೇ ನೋಡ್ತಿದ್ರು. ಅವರು ಹೋದ ಮೇಲೆ ನನ್ ಮೈದುನ "ಅತ್ತಿಗೆ ನೀವು ಮನೇಲಿರಿ, ಲೆಕ್ಕ ನಾನು ನೋಡ್ಕೋತೀನಿ" ಅಂದ್ರು. ನೋಡ್ಕೊಂಡ್ರು. ಆರು ತಿಂಗಳಲ್ಲಿ ಸಾಲ ಬರಬೇಕಿದ್ದವ್ರ ಚೀಟಿಗಳೇ ಕಾಣ್ತಿರ್ಲಿಲ್ಲ. ಆಮೇಲೆ ನಾನೇ ರಾತ್ರಿ ಮಗಳು ಮಲಗಿದ್ಮೇಲೆ ಯೂಟ್ಯೂಬ್ ನೋಡ್ಕೊಂಡು ಟ್ಯಾಲಿ (ಲೆಕ್ಕ ಇಡೋ ಕಂಪ್ಯೂಟರ್ ಸಾಫ್ಟ್‌ವೇರ್) ಕಲಿತೆ, ಜಿಎಸ್‌ಟಿಆರ್-3ಬಿ (ತಿಂಗಳ ವ್ಯಾಪಾರದ ತೆರಿಗೆ ಲೆಕ್ಕ) ಅಂದ್ರೇನು ಅಂತ ಕಲಿತೆ, ಒಂದೇ ವಿಡಿಯೋ ಹತ್ತು ಸಲ ನೋಡಿದೀನಿ, ಈಗ ತಿಂಗಳ 20ನೇ ತಾರೀಖಿನೊಳಗೆ ನಾನೇ ರಿಟರ್ನ್ ಹಾಕ್ತೀನಿ. ಇದಕ್ಕೆ ಮನೆಯವ್ರಿಂದ ಬಂದ ಮಾತು "ಗಂಡ ಹೋದ್ಮೇಲೆ ಇವಳಿಗೆ ರೆಕ್ಕೆ ಬಂತು". ಹೂವಿನ ಗಿಡಕ್ಕಂತೂ ಬೇರೇನೇ ಮಾತು. ಮೊನ್ನೆ ಮಗಳೇ ಕೇಳಿದ್ಳು, "ಅಮ್ಮ ನೀನು ಮುಡಿಯಲ್ವಲ್ಲ, ಮತ್ಯಾಕೆ ಮಲ್ಲಿಗೆ ಬೆಳಿತೀಯಾ?" ಒಂಬತ್ತನೇ ಕ್ಲಾಸು, ಬೇಕು ಅಂತ ಕೇಳಿದ್ದಲ್ಲ. ನನಗೆ ಉತ್ತರ ಹೊಳೀಲಿಲ್ಲ.

---

ಹಿತ್ತಲಗಿಡ · ನವೆಂಬರ್ 16

ಅಕ್ಕಾ ಮಲ್ಲಿಗೆ ಬಗ್ಗೆ ಮಾತ್ರ ಹೇಳ್ತೀನಿ, ಉಳಿದಿದ್ದಕ್ಕೆ ನನ್ ತಲೆ ಓಡಲ್ಲ.

ನೀವು ಗಿಡನ ಮುದ್ದು ಮಾಡಿ ಕೆಡಿಸಿದೀರ. ಸಗಣಿ ನೀರು ಜಾಸ್ತಿ ಆದ್ರೆ ಸಾರಜನಕ ಜಾಸ್ತಿ, ಗಿಡಕ್ಕೆ ಎಲೆ ಬಿಡೋದೇ ಕೆಲಸ ಆಗತ್ತೆ, ಅದು ಹೊಟ್ಟೆ ತುಂಬಿ ಕೂತಿದೆ, ಹೂ ಯಾಕೆ ಬಿಡ್ಬೇಕು ಹೇಳಿ. ಇನ್ನೊಂದು, ಬಕೆಟ್ ಎಲ್ಲಿಟ್ಟಿದೀರ? ನೀರಿನ ಟ್ಯಾಂಕ್ ನೆರಳಲ್ಲಿ ಇದ್ರೆ ಮೊದ್ಲು ಅಲ್ಲಿಂದ ಎತ್ತಿ. ದಿನಕ್ಕೆ ಐದಾರು ಗಂಟೆ ನೆತ್ತಿ ಸುಡೋ ಬಿಸಿಲು ಬೇಕು ಅದಕ್ಕೆ.

ಒಳ್ಳೆ ಟೈಮಿಗೆ ಕೇಳಿದೀರ. ಈಗಿಂದ ಒಂದು ವಾರ ಹತ್ತು ದಿನ ನೀರು ನಿಲ್ಸಿ, ಎಲೆ ಸೊರಗಿ ಜೋತು ಬೀಳೋ ತನಕ. ಹೆದ್ರಬೇಡಿ. ನವೆಂಬರ್ ಕೊನೆಗೆ ಕತ್ತರಿ ತಗೊಂಡು ಒಂದೂವರೆ ಅಡಿಗೆ ಕತ್ತರಿಸಿ, ಒಣಗಿದ್ದು, ಸಣಕಲು ಕಡ್ಡಿ ಎಲ್ಲಾ ತೆಗೀರಿ, ಉಳಿದ ಕಡ್ಡಿಲಿರೋ ಎಲೆನೂ ಕೈಯಲ್ಲೇ ಕಿತ್ತುಬಿಡಿ. ಪೂರ್ತಿ ಬೋಳು. ಮೇಲಿನ ಎರಡಿಂಚು ಮಣ್ಣು ಕೆದಕಿ ಹಳೇ ಗೊಬ್ಬರ, ಒಂದು ಹಿಡಿ ಮೂಳೆ ಪುಡಿ, ಒಂದು ಹಿಡಿ ಬೇವಿನ ಹಿಂಡಿ ಹಾಕಿ ನೀರು ಬಿಡಿ. ಹೊಸ ಚಿಗುರಿನ ತುದಿಲೇ ಮೊಗ್ಗು ಬರೋದು, ಹಳೇ ಕಡ್ಡಿಲಿ ಬರಲ್ಲ. ಫೆಬ್ರವರಿ ಕೊನೆ ಹೊತ್ತಿಗೆ ಇಲ್ಲೇ ಬಂದು ಹೇಳಿ.

---

ಬಯಲುಸೀಮೆ_ಬಾಸ್ · ನವೆಂಬರ್ 17

ಮೇಡಂ ಗಿಡ ಆಮೇಲೆ, ಮೊದ್ಲು ಪೇಪರ್. ನೀವು ರಿಟರ್ನ್ ಹಾಕ್ತಿರೋದು ಯಾವ ಜಿಎಸ್‌ಟಿ ನಂಬರಲ್ಲಿ? ಯಜಮಾನ್ರ ನಂಬರಲ್ಲೇ ಆದ್ರೆ ಅದು ಸರಿಯಲ್ಲ. ಪ್ರೊಪ್ರೈಟರ್ (ಅಂಗಡಿ ಒಬ್ಬರೇ ಮಾಲೀಕರು) ತೀರ್ಕೊಂಡ್ರೆ ವ್ಯಾಪಾರ ಮುಂದುವರ್ಸೋರು ತಮ್ಮ ಪ್ಯಾನ್ ಮೇಲೆ ಹೊಸ ರಿಜಿಸ್ಟ್ರೇಷನ್ ತಗೋಬೇಕು, ಹಳೇ ನಂಬರಲ್ಲಿ ಉಳಿದ, ಖರೀದಿ ಮೇಲೆ ಮೊದ್ಲೇ ಕಟ್ಟಿರೋ ತೆರಿಗೆಯ ಕ್ರೆಡಿಟ್‌ನ ಐಟಿಸಿ-02 ಅಂತ ಫಾರ್ಮ್ ಇದೆ, ಅದ್ರಲ್ಲಿ ನಿಮ್ಮ ನಂಬರಿಗೆ ತಗೋಬೋದು, ಆಮೇಲೆ ಹಳೇದು ಕ್ಯಾನ್ಸಲ್. ತಡ ಆಗಿದೆ, ಹೌದು, ಒಬ್ಬ ಒಳ್ಳೆ ಟ್ಯಾಕ್ಸ್ ಪ್ರಾಕ್ಟೀಷನರ್ ಹತ್ರ ಒಂದ್ಸಲ ಕೂತು ಸರಿ ಮಾಡ್ಸಿ. ಇದೊಂದು ಯೂಟ್ಯೂಬ್ ಕೆಲಸ ಅಲ್ಲ.

ಇನ್ನೊಂದು, ನಿಮ್ಮ ಮೈದುನ ಯಾವ ಹಕ್ಕಲ್ಲಿ ಲೆಕ್ಕ ನೋಡ್ತಾರೆ? 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಪ್ರಕಾರ ಗಂಡ ವಿಲ್ ಬರೀದೆ ಹೋದ್ರೆ ಮೊದಲನೇ ವರ್ಗದ ವಾರಸುದಾರರು ಅಂದ್ರೆ ಹೆಂಡ್ತಿ, ಮಕ್ಕಳು, ಮತ್ತೆ ಸತ್ತವ್ರ ತಾಯಿ. ಅಂದ್ರೆ ನೀವು, ನಿಮ್ಮ ಮಗಳು, ನಿಮ್ಮ ಅತ್ತೆ. ಇವ್ರು ಇರೋ ತನಕ ತಮ್ಮನಿಗೆ ಪಾಲಿಲ್ಲ. ಅಂಗಡಿ ಯಜಮಾನ್ರ ಸ್ವಂತದ್ದಾದ್ರೆ ವಿಷಯ ಇಷ್ಟೇ, ಪಿತ್ರಾರ್ಜಿತ ಆದ್ರೆ ವಕೀಲರನ್ನ ಕೇಳಿ. ಏನಾದ್ರಾಗ್ಲಿ ನಾಡಕಚೇರಿಲಿ ವಂಶವೃಕ್ಷ ಮಾಡ್ಸಿಟ್ಕೊಳಿ. ಅತ್ತೆನ ಚೆನ್ನಾಗಿ ನೋಡ್ಕೊಳಿ, ಇದು ಕಾನೂನು ಸಲಹೆನೂ ಹೌದು.

---

ಹಳೇಮೇಷ್ಟ್ರು · ನವೆಂಬರ್ 17

ತಾಯಿ, ನಿಮ್ಮ ಖಾತೆ ಪುಸ್ತಕದ ಮಾತು ಓದಿ ಸುಮಾರು ಹೊತ್ತು ಸುಮ್ನೆ ಕೂತಿದ್ದೆ. ಬಂಗಾಳದಲ್ಲಿ ರಾಸಸುಂದರಿ ದೇವಿ ಅಂತ ಒಬ್ಬರಿದ್ರು. ಹೆಣ್ಣು ಓದಿದ್ರೆ ವಿಧವೆ ಆಗ್ತಾಳೆ ಅಂತ ನಂಬಿದ್ದ ಕಾಲ. ಹನ್ನೆರಡಕ್ಕೆ ಮದುವೆ ಆಗಿ ದೊಡ್ಡ ಸಂಸಾರದ ಅಡುಗೆ ಮನೆಗೆ ಬಿದ್ದೋರು ಅವರು. ಗಂಡನ ಚೈತನ್ಯ ಭಾಗವತ ಅನ್ನೋ ಭಕ್ತಿ ಗ್ರಂಥದ ಒಂದು ಗರಿ ತೆಗೆದು ಅಡುಗೆ ಮನೇಲಿ ಬಚ್ಚಿಟ್ಕೊಂಡು, ಮಗ ಅಕ್ಷರ ತಿದ್ದಿದ ತಾಳೆಗರಿ ಪಕ್ಕ ಹಿಡ್ಕೊಂಡು, ಇದು ಅದೇ ಅಕ್ಷರನಾ ಅಂತ ಒಂದೊಂದೇ ಹೋಲಿಸಿ ಓದು ಕಲಿತ್ರು. ಗುರುವಿಲ್ಲ ಶಾಲೆಯಿಲ್ಲ. 1876ರಲ್ಲಿ ಅವರ ಆತ್ಮಕಥೆ 'ಆಮಾರ್ ಜೀಬನ್' ಅಚ್ಚಾಯ್ತು. ನೀವು ಒಂದೇ ವಿಡಿಯೋ ಹತ್ತು ಸಲ ನೋಡಿದ್ದೂ ಅದೇ ಜಾತಿ ಕೆಲಸ.

ದೂರ ಯಾಕೆ, ನಮ್ಮ ನಂಜನಗೂಡು ತಿರುಮಲಾಂಬಾ. 1887ರಲ್ಲಿ ಹುಟ್ಟಿದೋರು, ಬಾಲವಿಧವೆ, ತಂದೆ ಮನೇಲೇ ಓದಿಸಿದ್ರು. ಸತಿ ಹಿತೈಷಿಣಿ ಅಂತ ಗ್ರಂಥಮಾಲೆ, ಕರ್ನಾಟಕ ನಂದಿನಿ ಅಂತ ಪತ್ರಿಕೆ ಎರಡನ್ನೂ ನಡೆಸಿದ್ರು, ಕಾದಂಬರಿ ಬರೆದ್ರು. ಆಮೇಲೆ ದಶಕಗಳ ಕಾಲ ಬರವಣಿಗೆನೇ ನಿಲ್ಲಿಸಿಬಿಟ್ರು. ನಾನು ಪಾಠ ಮಾಡೋವಾಗ ಮೊದಲ ಭಾಗ ಮಾತ್ರ ಹೇಳ್ತಿದ್ದೆ, ನಿಲ್ಲಿಸಿದ್ದನ್ನ ಹೇಳ್ತಿರ್ಲಿಲ್ಲ. ಹೇಳ್ಬೇಕಿತ್ತು ಅಂತ ಈಗ ಅನ್ಸತ್ತೆ. ನೀವು ಯಾವತ್ತಾದ್ರೂ ನಿಲ್ಲಿಸಬೇಕು ಅನ್ನಿಸಿದ್ರೆ ನಿಲ್ಲಿಸಿ, ಆದ್ರೆ ಪುಸ್ತಕ ಒಲೆಗೆ ಹಾಕ್ಬೇಡಿ.

---

ಒಗರು · ನವೆಂಬರ್ 18

ಯಾರೂ ಬೇಜಾರು ಮಾಡ್ಕೋಬೇಡಿ, ಮೇಷ್ಟ್ರೇ ನೀವೂ. ಗಿಡ ಬೆಳೆಸಿದ್ರೆ ಪ್ರತಿರೋಧ, ಡೈರಿ ಬರೆದ್ರೆ ಪ್ರತಿರೋಧ, ಈ ಮಾತು ಈಗ ಎಲ್ಲಾ ಕಡೆ ಕೇಳಿ ಕೇಳಿ ಸಾಕಾಗಿದೆ. ಪ್ರಶ್ನೆ ಕೇಳಿದ ಅಕ್ಕ ಆ ಪದನೇ ಬಳಸಿಲ್ಲ, ನಾವು ಅವರ ತಲೆ ಮೇಲೆ ಇಡ್ತಿದೀವಿ. ಸಾಲುಮರದ ತಿಮ್ಮಕ್ಕ ಹುಲಿಕಲ್ಲಿಂದ ಕುದೂರಿಗೆ ಹೋಗೋ ದಾರಿಲಿ ಗಂಡನ ಜೊತೆ ಕೊಡದಲ್ಲಿ ನೀರು ಹೊತ್ತು ಆಲದ ಸಸಿ ಸಾಕಿದ್ರು, ಮಕ್ಕಳಿಲ್ಲ ಅನ್ನೋ ಕೊರಗಿಗೆ. ಓದು ಬರಹ ಇಲ್ಲ, ಕೂಲಿ ಮಾಡ್ತಿದ್ರು. 2019ರಲ್ಲಿ ಪದ್ಮಶ್ರೀ ಬಂತು. ಸಸಿ ನೆಡೋ ದಿನ ಅವರ ತಲೇಲಿ ಇದ್ದಿದ್ದು ನೀರು ಎಲ್ಲಿಂದ ತರೋದು, ದನ ತಿನ್ನದಂಗೆ ಮುಳ್ಳು ಹೆಂಗೆ ಕಟ್ಟೋದು ಅಂತ ಅಷ್ಟೇ ಇರತ್ತೆ. ದೊಡ್ಡ ಹೆಸರು ಇಟ್ರೆ ಆಮೇಲೆ ಗಿಡ ಒಣಗಿದ್ರೂ ಸೋತಂಗೆ ಅನ್ಸತ್ತೆ.

---

ರಾತ್ರಿಪಾಳಿ_ನರ್ಸ್ · ನವೆಂಬರ್ 18

@ಒಗರು ಅರ್ಧ ಒಪ್ತೀನಿ. ಆದ್ರೆ ಹೊರಗಿನವ್ರು ಕಿತ್ಕೊಳ್ಳಕ್ಕೆ ನಿಂತಾಗ ಗಿಡ ಬರೀ ಗಿಡ ಆಗಿರಲ್ಲ. ದಕ್ಷಿಣ ಆಫ್ರಿಕಾದ ಮಂಡೇಲಾನ 1982ರಲ್ಲಿ ರಾಬೆನ್ ದ್ವೀಪದಿಂದ ಪೋಲ್ಸ್‌ಮೂರ್ ಜೈಲಿಗೆ ಹಾಕಿದ್ರಲ್ಲ, ಅಲ್ಲಿ ಅವರು ಮಾಡಿದ್ದೂ ತಾರಸಿ ತೋಟನೇ ರೀ. ಹದಿನಾರು ಎಣ್ಣೆ ಡ್ರಮ್ಮು ಅರ್ಧಕ್ಕೆ ಕತ್ತರಿಸಿ, ಮಣ್ಣು ತುಂಬಿಸಿ, ಈರುಳ್ಳಿ ಬದನೆ ಕೋಸು ಟೊಮೇಟೊ, ಒಂದು ಟೈಮಲ್ಲಿ 900 ಗಿಡ ಇತ್ತಂತೆ. ಕಾವಲಿನವ್ರೂ ಚೀಲ ತಂದು ತರಕಾರಿ ತಗೊಂಡು ಹೋಗ್ತಿದ್ರಂತೆ. ನಮ್ಮ ಅಕ್ಕಂದು ಪೇಂಟ್ ಬಕೆಟ್, ಅಷ್ಟೇ ವ್ಯತ್ಯಾಸ.

ಅಕ್ಕ, ಬರೆದ ಮಾರನೇ ದಿನ ಭಾರ ಆಗೋದಕ್ಕೆ. ಇದು ನಿಮಗೊಬ್ರಿಗೇ ಆಗ್ತಿರೋದಲ್ಲ. ಜೇಮ್ಸ್ ಪೆನ್ನಿಬೇಕರ್ ಅಂತ ಅಮೆರಿಕದ ಮನಃಶಾಸ್ತ್ರಜ್ಞ, ಅವರ 1986ರ ಪ್ರಯೋಗದಲ್ಲಿ ಕಾಲೇಜು ಹುಡುಗ್ರಿಗೆ ನಾಲ್ಕು ದಿನ, ದಿನಕ್ಕೆ 15 ನಿಮಿಷ, ಮನಸ್ಸಲ್ಲಿ ಕೊರೀತಿರೋದನ್ನ ಬರೀರಿ ಅಂದ್ರು. ಬರೆದ ತಕ್ಷಣ ಅವರ ಮನಸ್ಸು ಕುಗ್ಗಿತ್ತು, ಆದ್ರೆ ಮುಂದಿನ ತಿಂಗಳುಗಳಲ್ಲಿ ಆಸ್ಪತ್ರೆಗೆ ಹೋಗೋದು ಕಮ್ಮಿ ಆಯ್ತು. ಗಮನಿಸಿ, ನಾಲ್ಕೇ ದಿನ, 15 ನಿಮಿಷ. ನೀವು ಎಷ್ಟು ಹೊತ್ತು ಬರೀತೀರ? ನನ್ ಊಹೆ, ನಿದ್ದೆಗೆಟ್ಟು ಬರೀತೀರ. ಮಲಗೋ ಮುಂಚೆ ಬೇಡ, ಸಂಜೆ ಅಂಗಡಿಲಿ ಗಿರಾಕಿ ಕಮ್ಮಿ ಇರೋವಾಗ ಬರೀರಿ, ಗಡಿಯಾರ ಇಟ್ಕೊಳಿ. ಖರ್ಚಿನ ಕಡೆ ಅದೇ ಮಾತು ದಿನಾ ದಿನಾ ಬರ್ತಿದ್ರೆ ನಾಲ್ಕು ದಿನ ಬಿಟ್ಟು ಬರೀರಿ. ಭಾರ ವಾರಗಟ್ಟಲೆ ಇಳೀಲಿಲ್ಲ, ಊಟ ಸೇರ್ಲಿಲ್ಲ, ಬದುಕೋದು ಬೇಡ ಅನ್ನಿಸ್ತು ಅಂದ್ರೆ ಪುಸ್ತಕ ಮುಚ್ಚಿ 14416ಕ್ಕೆ ಫೋನ್ ಮಾಡಿ, ಸರ್ಕಾರದ ಟೆಲಿ ಮಾನಸ್, ದುಡ್ಡಿಲ್ಲ, ಕನ್ನಡದಲ್ಲೇ ಮಾತಾಡ್ತಾರೆ.

---

ಪೇಂಟ್‌ಬಕೆಟ್_ತೋಟ · ಫೆಬ್ರವರಿ 27

ಎಲ್ರಿಗೂ ಥ್ಯಾಂಕ್ಸ್, ಉತ್ತರ ಕೊಡಕ್ಕೆ ಇಷ್ಟು ದಿನ ಆಯ್ತು. ಬಾಸ್ ಸರ್, ಹೊಸ ನಂಬರ್ ಬಂತು, ನನ್ ಹೆಸರಲ್ಲಿ. ಸರ್ಟಿಫಿಕೇಟ್ ಪ್ರಿಂಟ್ ತೆಗೆಸಿ ಅಂಗಡಿಲಿ ಅವರ ಫೋಟೋ ಕೆಳಗೆ ಹಾಕಿದೀನಿ. ಮೈದುನ ನೋಡಿದ್ರು, ಏನೂ ಅನ್ಲಿಲ್ಲ, ಈಗ ಅಂಗಡಿಗೆ ಬರೋದು ಕಮ್ಮಿ ಮಾಡಿದಾರೆ. ವಂಶವೃಕ್ಷ ಮಾಡ್ಸೋ ದಿನ ಅತ್ತೆನೇ ನನ್ ಜೊತೆ ಬಂದ್ರು. ಬರೆಯೋದು ಸಂಜೆಗೆ ಹಾಕ್ಕೊಂಡೆ, ನಿದ್ದೆ ಪರವಾಗಿಲ್ಲ.

ಮಲ್ಲಿಗೆ ಕತೆ ಕೇಳಿ. ಬಕೆಟ್ ನಿಜವಾಗ್ಲೂ ಟ್ಯಾಂಕ್ ಪಕ್ಕನೇ ಇತ್ತು, ಹೆಂಗ್ ಗೊತ್ತಾಯ್ತೋ ನಿಮಗೆ. ನವೆಂಬರ್ 29ಕ್ಕೆ ಕತ್ತರಿಸಿ ಎಲೆ ಎಲ್ಲಾ ಕಿತ್ತೆ. ಅತ್ತೆ ಬಟ್ಟೆ ಒಣಗಾಕಕ್ಕೆ ಮೇಲೆ ಬಂದೋರು ಅದನ್ನ ನೋಡಿ "ಅಯ್ಯೋ ಯಾಕೇ ಹಿಂಗೆ ಬೋಳಿಸ್ಬಿಟ್ಟೆ" ಅಂತ ಕೈಯಲ್ಲಿದ್ದ ಬಕೆಟ್ ಅಲ್ಲೇ ಇಟ್ಟು ಕೆಳಗೆ ಹೋದ್ರು. ಎರಡು ದಿನ ನನ್ ಜೊತೆ ಮಾತಿಲ್ಲ. ಮೂರನೇ ದಿನ ಅವರೆಕಾಯಿ ಬಿಡಿಸ್ತಾ ಕೂತಿದ್ದಾಗ ಅವರೇ ಶುರು ಮಾಡಿದ್ರು, ಅವರ ಸೋದರತ್ತೆ ಒಬ್ಬರಿದ್ರಂತೆ, ಗಂಡ ಸತ್ತಾಗ ಹದಿನಾರೋ ಹದಿನೇಳೋ, ತಲೆ ಬೋಳಿಸಿ ಕೆಂಪು ಸೀರೆ ಉಡಿಸಿದ್ರಂತೆ, ಅತ್ತೆ ಆಗ ಚಿಕ್ಕ ಹುಡುಗಿ, ಹಿತ್ತಲ ಬಾಗಿಲ ಸಂದಿಯಿಂದ ನೋಡಿದ್ರಂತೆ. ಅವರ ಜಡೆ ಮೊಣಕಾಲ ತನಕ ಇತ್ತಂತೆ. ನಾನು ಹದಿನೆಂಟು ವರ್ಷದಿಂದ ಈ ಮನೇಲಿದೀನಿ, ಇದನ್ನ ಯಾರೂ ಹೇಳಿರ್ಲಿಲ್ಲ. ನಾನು "ಇದು ಹೂ ಬಿಡ್ಲಿ ಅಂತ ಕತ್ತರಿಸಿದ್ದು ಅತ್ತೆ" ಅಂದೆ. ಅದಕ್ಕೆ ಅವರು ಏನೂ ಅನ್ಲಿಲ್ಲ, ಕಾಯಿ ಬಿಡಿಸ್ತಾನೇ ಇದ್ರು. ಆದ್ರೆ ಮಾರನೇ ದಿನದಿಂದ ಆ ಮಲ್ಲಿಗೆ ಬಕೆಟ್‌ಗೆ ನೀರು ಹಾಕೋದು ಅವರ ಕೆಲಸ. ಮಂಡಿ ನೋವು ಇಟ್ಕೊಂಡು ಮೆಟ್ಲು ಹತ್ತತಾರೆ, ಬೇಡ ಅಂದ್ರೆ ಕೇಳಲ್ಲ.

ಮೊನ್ನೆ ಎಣಿಸ್ದಾಗ 41 ಮೊಗ್ಗು. ಸಂಜೆ ಕಿತ್ತು ಕಟ್ಟಿದೆ. ಮಗಳಿಗೆ ಒಂದು ಮೊಳ, ದೇವರಿಗೆ ಸ್ವಲ್ಪ. ಅತ್ತೆ "ಇಲ್ಲಿ ಒಂದು ಗೇಣು ಕೊಡು" ಅಂದ್ರು, ದೇವರಿಗೆ ಅಂತ ನಾನು ಅನ್ಕೊಂಡೆ, ಇಲ್ಲ, ತಗೊಂಡು ಹೋಗಿ ದಿಂಬಿನ ಪಕ್ಕ ಇಟ್ಕೊಂಡು ಮಲಗಿದ್ರು. ಮಗಳ ಪ್ರಶ್ನೆಗೆ ಉತ್ತರ ಇನ್ನೂ ಕೊಟ್ಟಿಲ್ಲ, ಅವಳೂ ಮತ್ತೆ ಕೇಳಿಲ್ಲ. ಜಮಾ ಕಡೆ 41 ಅಂತ ಬರೆದಿದೀನಿ.

ಈಗ ಹೊಸ ತೊಂದರೆ. ನಿನ್ನೆಯಿಂದ ಕೆಲವು ಮೊಗ್ಗಲ್ಲಿ ಸೂಜಿ ಚುಚ್ಚಿದಂಗೆ ತೂತು, ಬಿಡಿಸಿದ್ರೆ ಒಳಗೆ ಸಣ್ಣ ಹಸಿರು ಹುಳ. ಏನು ಹಾಕ್ಲಿ?

---

ಹಿತ್ತಲಗಿಡ · ಫೆಬ್ರವರಿ 27

ಮೊಗ್ಗು ಹುಳ. ತೂತಾಗಿರೋ ಮೊಗ್ಗೆಲ್ಲಾ ಈಗ್ಲೇ ಕಿತ್ತು ಸೋಪು ನೀರಿಗೆ ಹಾಕಿ, ಬುಡದಲ್ಲಿ ಬೀಳಕ್ಕೆ ಬಿಡ್ಬೇಡಿ. ಒಂದು ಲೀಟರ್ ನೀರಿಗೆ 5 ಎಂಎಲ್ ಬೇವಿನೆಣ್ಣೆ, ಎರಡು ಹನಿ ಪಾತ್ರೆ ತೊಳಿಯೋ ಲಿಕ್ವಿಡ್, ಚೆನ್ನಾಗಿ ಕಲಸಿ ಸಂಜೆ ಬಿಸಿಲು ಇಳಿದ ಮೇಲೆ ಹೊಡೀರಿ, ವಾರಕ್ಕೊಂದ್ಸಲ. ಹೊಡೆದ ದಿನ ಹೂ ಕೀಳ್ಬೇಡಿ, ಅತ್ತೆಯವ್ರ ದಿಂಬು ವಾಸನೆ ಬರತ್ತೆ.