‘ಹಿರಿಯೂರು ಮನೆ’ ಗುಂಪಿನಲ್ಲಿ ಕೇಂಬ್ರಿಡ್ಜಿನ ನೀರು

ಮನೆಯವರ ಒಪ್ಪಿಗೆ ಪಡೆದು ನಮ್ಮ ವಾಟ್ಸಾಪ್ ಗುಂಪಿನ ಈ ಚರ್ಚೆಯನ್ನು ಇಲ್ಲಿ ಹಾಕುತ್ತಿದ್ದೇನೆ. ಹೆಸರುಗಳ ಜಾಗದಲ್ಲಿ ಸಂಬಂಧಗಳನ್ನು ಬರೆದಿದ್ದೇನೆ. ನಾನೂ ತಮ್ಮನೂ ಇಂಗ್ಲೆಂಡಿನ ಕೇಂಬ್ರಿಡ್ಜ್‌ಶೈರ್‌ನಲ್ಲಿದ್ದೇವೆ. ದೊಡ್ಡಪ್ಪ ನೀರಾವರಿ ಇಲಾಖೆಯಿಂದ ನಿವೃತ್ತರಾಗಿ ಹಿರಿಯೂರಿನಲ್ಲಿದ್ದಾರೆ. ಅವರ ಮಗ, ನಮ್ಮ ಅಣ್ಣ, ಬೆಂಗಳೂರಿನಲ್ಲಿ, ಚಿಕ್ಕಮ್ಮ ದಾವಣಗೆರೆಯಲ್ಲಿ. 2026ರ ಜನವರಿಯ ಒಂದು ಭಾನುವಾರ ನಡೆದ ಮಾತು ಇದು.

ನಾನು: ಎಲ್ಲರಿಗೂ ನಮಸ್ಕಾರ. ಈ ಕರಪತ್ರ ನೋಡಿ. ಕೇಂಬ್ರಿಡ್ಜ್ ನಗರ ಕೌನ್ಸಿಲ್ ಮತ್ತು ದಕ್ಷಿಣ ಕೇಂಬ್ರಿಡ್ಜ್‌ಶೈರ್ ಡಿಸ್ಟ್ರಿಕ್ಟ್ ಕೌನ್ಸಿಲ್ ಸೇರಿ 2045ರವರೆಗಿನ ಕರಡು ಯೋಜನೆಯನ್ನು ಹೊರಡಿಸಿವೆ. 48 ಸಾವಿರಕ್ಕೂ ಹೆಚ್ಚು ಮನೆಗಳು, 73 ಸಾವಿರ ಉದ್ಯೋಗಗಳು. ಈ ತಿಂಗಳ ಕೊನೆಯವರೆಗೆ ಯಾರು ಬೇಕಾದರೂ ಅಭಿಪ್ರಾಯ ಬರೆಯಬಹುದು. ನಾನು ಬರೆದ ಆಕ್ಷೇಪಣೆಯನ್ನೂ ಕೆಳಗೆ ಹಾಕಿದ್ದೇನೆ. ತಮ್ಮಾ, ನೀನೂ ಸಹಿ ಹಾಕು.

ಚಿಕ್ಕಮ್ಮ: ಚಿತ್ರಗಳು ಚೆನ್ನಾಗಿವೆ. ಹಸಿರು, ಸೈಕಲ್ಲು, ಮಕ್ಕಳು. ಇದಕ್ಕೆ ಆಕ್ಷೇಪಣೆ ಏಕೆ?

ತಮ್ಮ: ಅಕ್ಕಾ, ಪತ್ರ ಓದಿದೆ. ಸಹಿ ಹಾಕುವುದಿಲ್ಲ.

ನಾನು: ಪೂರ್ತಿ ಓದಿದೆಯಾ?

ತಮ್ಮ: ಎರಡು ಸಲ ಓದಿದೆ. ಹೊಸ ಪಟ್ಟಣ ಬೇಡ, ಹಳ್ಳಿಗಳ ಸುತ್ತಲಿನ ಹೊಲ ಮುಟ್ಟಬೇಡಿ, ಸಂಖ್ಯೆ ಇಳಿಸಿ ಎಂದು ಬರೆದಿದ್ದೀಯ. ನೀನೂ ಭಾವನೂ 2014ರಲ್ಲಿ ಮನೆ ಕೊಂಡಿರಿ. ನಾನು ಬಂದು ಎಂಟು ವರ್ಷವಾಯಿತು. ಇವತ್ತಿಗೂ ಮೂವರ ಜೊತೆ ಒಂದೇ ಅಡುಗೆಮನೆ ಹಂಚಿಕೊಂಡು ಬಾಡಿಗೆ ಕೋಣೆಯಲ್ಲಿದ್ದೇನೆ. ಕೇಂಬ್ರಿಡ್ಜಿನಲ್ಲಿ ಸರಾಸರಿ ಮನೆಯ ಬೆಲೆ ಐದು ಲಕ್ಷ ಪೌಂಡಿನ ಹತ್ತಿರ ಇದೆ. ಪ್ರಯೋಗಾಲಯದಲ್ಲಿ ದುಡಿಯುವವನ ಸಂಬಳಕ್ಕೆ ಇನ್ನೆಷ್ಟು ವರ್ಷ ಬೇಕು, ನೀನೇ ಲೆಕ್ಕ ಹಾಕು. ದೊಡ್ಡ ಬಡಾವಣೆಗಳಲ್ಲಿ ನೂರಕ್ಕೆ 40 ಮನೆ ಕೈಗೆಟಕುವ ಬೆಲೆಗೆ ಕೊಡಬೇಕು ಎಂಬ ನಿಯಮ ಇಲ್ಲಿದೆ. ಮನೆಯನ್ನೇ ಕಟ್ಟದಿದ್ದರೆ ಆ 40 ಎಲ್ಲಿಂದ ಬರುತ್ತದೆ?

ನಾನು: ಮನೆ ಬೇಡ ಎಂದು ನಾನು ಎಲ್ಲಿಯೂ ಬರೆದಿಲ್ಲ. ನೀರು ಬರುವ ಮೊದಲು ಕೀಲಿಕೈ ಕೊಡಬೇಡಿ ಎಂದು ಬರೆದಿದ್ದೇನೆ.

ತಮ್ಮ: ನಾಲ್ಕನೆಯ ಪ್ಯಾರಾ ತೆಗೆದು ನೋಡು.

ದೊಡ್ಡಪ್ಪ: ಒಂದು ನಿಮಿಷ ಇರಿ, ಇಬ್ಬರೂ. ಅಲ್ಲಿ ಕೌಂಟಿ ಎನ್ನುತ್ತಾರಲ್ಲ, ಅದು ನಮ್ಮ ಜಿಲ್ಲೆಯೇ? ಈ ಯೋಜನೆ ಯಾರ ಕೈಯಲ್ಲಿದೆ?

ನಾನು: ಹೆಚ್ಚು ಕಡಿಮೆ ಜಿಲ್ಲೆಯೇ, ದೊಡ್ಡಪ್ಪ. ರಸ್ತೆ, ಶಾಲೆ, ವೃದ್ಧರ ಆರೈಕೆ ಕೌಂಟಿ ಕೌನ್ಸಿಲಿನದು. ಎಲ್ಲಿ ಮನೆ ಕಟ್ಟಬೇಕು ಎಂಬ ಯೋಜನೆ ಕೆಳಗಿನ ಹಂತದ ಕೌನ್ಸಿಲುಗಳದು. ಈ ಎರಡು ಹಂತಗಳನ್ನೂ ತೆಗೆದು ಒಂದೇ ಹಂತದ ಹೊಸ ಕೌನ್ಸಿಲುಗಳನ್ನು 2028ರಲ್ಲಿ ತರಲು ಸರ್ಕಾರ ಹೊರಟಿದೆ. ಯೋಜನೆ ಬರೆದವರು ಒಬ್ಬರು, ಅದಕ್ಕೆ ಉತ್ತರ ಕೊಡಬೇಕಾದವರು ಇನ್ನೊಬ್ಬರು ಎಂದಾಗುತ್ತದೆ. ಅದಕ್ಕೇ ಈಗಲೇ ಕಾಗದದಲ್ಲಿ ಗಟ್ಟಿಯಾಗಿ ಬರೆಸಬೇಕು ಎನ್ನುತ್ತಿದ್ದೇನೆ.

ದೊಡ್ಡಪ್ಪ: ಸರಿ. ನೀರು ಎಲ್ಲಿಂದ ಬರುತ್ತದೆ? ನದಿಯಿಂದಲೋ, ಕೊಳವೆಬಾವಿಯಿಂದಲೋ?

ನಾನು: ಬಹುತೇಕ ಎಲ್ಲವೂ ಕೊಳವೆಬಾವಿಯಿಂದಲೇ. ನೆಲದ ಕೆಳಗೆ ಸೀಮೆಸುಣ್ಣದ ಬಂಡೆ ಇದೆ. ಅದು ಮಳೆ ನೀರನ್ನು ಹೀರಿಕೊಂಡು ಹಿಡಿದಿಟ್ಟುಕೊಳ್ಳುತ್ತದೆ, ಬುಗ್ಗೆಗಳಲ್ಲಿ ತಿಳಿಯಾಗಿ ಹೊರಗೆ ಬಿಡುತ್ತದೆ. ಆ ಬುಗ್ಗೆಗಳಿಂದ ಹುಟ್ಟುವ ಇಂಥ ಹೊಳೆಗಳು ಜಗತ್ತಿನಲ್ಲಿ ಬಹಳ ಇಲ್ಲ. ಇರುವುದರಲ್ಲಿ ಹೆಚ್ಚಿನವು ಇಂಗ್ಲೆಂಡಿನಲ್ಲೇ ಇವೆ. ಅದೇ ಬಂಡೆಯಿಂದ ನಲ್ಲಿಗೆ ಪಂಪ್ ಮಾಡುತ್ತಾ ಹೋದರೆ ಹೊಳೆಗೆ ಉಳಿಯುವುದು ಕೆಸರು.

ದೊಡ್ಡಪ್ಪ: ಮಳೆ?

ನಾನು: ವರ್ಷಕ್ಕೆ 600 ಮಿಲಿಮೀಟರಿಗಿಂತ ಕಡಿಮೆ. ಬ್ರಿಟನ್ನಿನಲ್ಲೇ ಅತಿ ಒಣ ಸೀಮೆ ಇದು.

ದೊಡ್ಡಪ್ಪ: ಅಂದರೆ ನಮ್ಮ ಚಿತ್ರದುರ್ಗದ ಲೆಕ್ಕ! ಇಂಗ್ಲೆಂಡ್ ಎಂದರೆ ದಿನವೂ ಮಳೆ ಎಂದುಕೊಂಡಿದ್ದೆ. ಬಿಸಿಲು ಕಡಿಮೆ, ಆವಿಯಾಗುವುದೂ ಕಡಿಮೆ, ಅದು ನಿಮ್ಮ ಪುಣ್ಯ. ಆದರೂ ಚಿತ್ರದುರ್ಗದಷ್ಟು ಮಳೆಯ ಊರಿಗೆ 48 ಸಾವಿರ ಮನೆ ಸೇರಿಸುವವರು ಮೊದಲು ನೀರಿನ ಲೆಕ್ಕ ಮಂಡಿಸಬೇಕು. ಅವರ ಲೆಕ್ಕದಲ್ಲಿ ದಿನಕ್ಕೆ ತಲಾ ಎಷ್ಟು ಲೀಟರ್?

ತಮ್ಮ: 2021ರ ಮೊದಲ ಪ್ರಸ್ತಾವಗಳಲ್ಲಿ ಹೊಸ ಮನೆಗಳಿಗೆ ತಲಾ 80 ಲೀಟರ್ ಎಂದು ಬರೆದಿದ್ದರು, ದೊಡ್ಡಪ್ಪ. ಇಂಗ್ಲೆಂಡಿನ ಕಟ್ಟಡ ನಿಯಮದಲ್ಲಿ 125 ಇದೆ. ಇವರು ಅದಕ್ಕಿಂತ ಬಹಳ ಕೆಳಗೆ ಇಳಿದಿದ್ದಾರೆ. ಯೋಚನೆಯೇ ಇಲ್ಲದೆ ಬರೆದ ಕಾಗದ ಅಲ್ಲ ಇದು.

ದೊಡ್ಡಪ್ಪ: ನಮ್ಮಲ್ಲಿ ನಗರಕ್ಕೆ ತಲಾ 135 ಎಂದು ಹಿಡಿಯುತ್ತಾರೆ. ಮನೆಗೆ ಎರಡೂವರೆ ಜನ ಎಂದುಕೊಳ್ಳೋಣ. 48 ಸಾವಿರ ಮನೆಗೆ 1,20,000 ಜನ. 80ರ ಲೆಕ್ಕದಲ್ಲಿ ದಿನಕ್ಕೆ 96 ಲಕ್ಷ ಲೀಟರ್. 135ರ ಲೆಕ್ಕದಲ್ಲಿ 1 ಕೋಟಿ 62 ಲಕ್ಷ. ನಡುವಿನ 66 ಲಕ್ಷ ಲೀಟರ್ ಉಳಿಯುವುದು ಜನ ಅಷ್ಟು ಕಡಿಮೆ ಬಳಸಿದರೆ ಮಾತ್ರ. ಬಳಸದಿದ್ದರೆ ಮನೆ ಖಾಲಿ ಮಾಡಿಸಲು ಆಗುತ್ತದೆಯೇ?

ತಮ್ಮ: ಆದರೆ ಬೇರೆ ನೀರೂ ಬರುತ್ತಿದೆ. ಗ್ರಾಫಮ್ ಜಲಾಶಯದಿಂದ ಕೊಳವೆ ಹಾಕಿ 2030ರ ದಶಕದ ಆರಂಭಕ್ಕೆ ತರುತ್ತಾರೆ. ಚಾಟರಿಸ್ ಎಂಬ ಊರಿನ ಹತ್ತಿರ ಫೆನ್ಸ್ ಜಲಾಶಯ ಎಂದು ಹೊಸದೊಂದನ್ನು ಕಟ್ಟುವ ಯೋಜನೆ ಇದೆ, ಅದು 2036ರ ಸುಮಾರಿಗೆ. ಚಳಿಗಾಲದಲ್ಲಿ ನದಿ ತುಂಬಿ ಹರಿಯುವಾಗ ನೀರು ತುಂಬಿಸಿಕೊಳ್ಳುತ್ತಾರೆ.

ದೊಡ್ಡಪ್ಪ: ಮಗನೇ, ನಾನು ಮಾರಿಕಣಿವೆಯ ಕೆಳಗೆ ಹುಟ್ಟಿ ಬೆಳೆದವನು. ಅಲ್ಲಿನ ವಾಣಿವಿಲಾಸ ಸಾಗರವನ್ನು 1907ರಲ್ಲಿ ಕಟ್ಟಿ ಮುಗಿಸಿದರು. 30 ಟಿಎಂಸಿ ಹಿಡಿಯುವ ಕೆರೆ. 1933ರಲ್ಲಿ ಕೋಡಿ ಬಿತ್ತು, ನಮ್ಮ ಅಜ್ಜ ಎತ್ತಿನ ಗಾಡಿ ಕಟ್ಟಿಕೊಂಡು ನೋಡಲು ಹೋಗಿದ್ದರಂತೆ. ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. 89 ವರ್ಷ! ಅಷ್ಟೂ ವರ್ಷ ಗೋಡೆ ಗಟ್ಟಿಯಾಗಿಯೇ ನಿಂತಿತ್ತು, ಎಂಜಿನಿಯರುಗಳ ಕೆಲಸದಲ್ಲಿ ಒಂದು ಬಿರುಕಿಲ್ಲ. ನೀರು ಮಾತ್ರ ಕೋಡಿ ಮುಟ್ಟಲಿಲ್ಲ. 2036ರಲ್ಲಿ ಗೋಡೆ ಮುಗಿಯಬಹುದು. ತುಂಬುವುದು ಯಾವಾಗ ಎಂದು ಯಾರಾದರೂ ಬರೆದಿದ್ದಾರೆಯೇ? ನಾನು ಸೇವೆಯಲ್ಲಿದ್ದಾಗ ಅಚ್ಚುಕಟ್ಟು ಪ್ರದೇಶ ಎಂದು ನಕ್ಷೆಯಲ್ಲಿ ಹಸಿರು ಬಣ್ಣ ಬಳಿದ ಎಷ್ಟೋ ಹೊಲಗಳಿಗೆ ನನ್ನ ನಿವೃತ್ತಿಯವರೆಗೂ ನೀರು ಹರಿಯಲಿಲ್ಲ. ಆ ನಕ್ಷೆಗಳಿಗೆ ನಾನೇ ಸಹಿ ಹಾಕಿದ್ದೇನೆ. ಅದು ಇವತ್ತಿಗೂ ನೋಯುತ್ತದೆ.

ನಾನು: ದೊಡ್ಡಪ್ಪ, ಇದನ್ನು ನೀವು ಇಷ್ಟು ವರ್ಷ ಹೇಳಿರಲಿಲ್ಲ.

ದೊಡ್ಡಪ್ಪ: ಯಾರೂ ಕೇಳಿರಲಿಲ್ಲ.

ಅಣ್ಣ: ಈಗ ನಾನು ಮಾತನಾಡುತ್ತೇನೆ. ಅಪ್ಪ ಹೇಳಿದ್ದನ್ನು ಒಪ್ಪುತ್ತೇನೆ, ಆದರೆ ತಂಗಿಯ ಪತ್ರವನ್ನು ಒಪ್ಪುವುದಿಲ್ಲ. ಬೆಂಗಳೂರನ್ನು ನೋಡಿ. 2007ರಲ್ಲಿ 110 ಹಳ್ಳಿಗಳನ್ನು ಪಾಲಿಕೆಗೆ ಸೇರಿಸಿದರು. ಆ ಹಳ್ಳಿಗಳಿಗೆಂದು ಮಾಡಿದ ಕಾವೇರಿ ಐದನೆಯ ಹಂತ ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ನಡುವಿನ 17 ವರ್ಷ ಜನ ಬರುವುದು ನಿಂತಿತೇ? ಟ್ಯಾಂಕರ್ ನೀರು ಕುಡಿದು ಬದುಕಿದರು. ನಾವೂ ಬದುಕಿದೆವು. 2024ರ ಬೇಸಿಗೆಯಲ್ಲಿ ಬಟ್ಟೆ ಒಗೆದ ನೀರನ್ನು ಬಕೆಟ್ಟಿನಲ್ಲಿ ಹಿಡಿದು ಶೌಚಾಲಯಕ್ಕೆ ಹಾಕುತ್ತಿದ್ದೆವು.

ನಾನು: ಅಣ್ಣಾ, ನಾನು ಹೇಳುತ್ತಿರುವುದೂ ಅದನ್ನೇ ಅಲ್ಲವೇ?

ಅಣ್ಣ: ಅಲ್ಲ. ನೀನು ಯೋಜನೆಯನ್ನೇ ಬೀಳಿಸಲು ಹೊರಟಿದ್ದೀಯ. ನಮಗೆ ಇವತ್ತಿಗೂ 2007ರಲ್ಲಿ ಒಪ್ಪಿದ ಮಾಸ್ಟರ್ ಪ್ಲಾನೇ ಗತಿ. 2031ರ ಕರಡನ್ನು 2017ರಲ್ಲಿ ಹೊರಡಿಸಿ, ಆಮೇಲೆ ಹಿಂತೆಗೆದುಕೊಂಡರು. ಯೋಜನೆ ಇಲ್ಲ ಎಂದು ಊರು ಬೆಳೆಯುವುದನ್ನು ಬಿಡಲಿಲ್ಲ. ರೆವಿನ್ಯೂ ಸೈಟುಗಳಲ್ಲಿ ಬೆಳೆಯಿತು, ರಾಜಕಾಲುವೆಯ ಮೇಲೆ ಬೆಳೆಯಿತು. ಕೆಟ್ಟ ಯೋಜನೆಯನ್ನು ತಿದ್ದಬಹುದು. ಇಲ್ಲದ ಯೋಜನೆಯನ್ನು ಯಾರು ತಿದ್ದುತ್ತಾರೆ?

ತಮ್ಮ: ಇಲ್ಲಿಯೂ ಅದೇ ಆಗಿದೆ, ಅಣ್ಣಾ. ಐದು ವರ್ಷಕ್ಕೆ ಸಾಕಾಗುವಷ್ಟು ಮನೆ ಜಾಗವನ್ನು ಕೌನ್ಸಿಲ್ ತೋರಿಸಲಾಗದಿದ್ದರೆ ಬಿಲ್ಡರ್‌ಗಳು ಮೇಲ್ಮನವಿ ಹಾಕಿ ತಮಗೆ ಬೇಕಾದ ಹೊಲದಲ್ಲಿ ಅನುಮತಿ ಪಡೆಯುತ್ತಾರೆ. ಹತ್ತು ವರ್ಷದ ಹಿಂದೆ ದಕ್ಷಿಣ ಕೇಂಬ್ರಿಡ್ಜ್‌ಶೈರ್ ಹಳ್ಳಿಗಳ ಅಂಚಿನಲ್ಲಿ ಹಾಗೆ ಎದ್ದ ಮನೆಗಳನ್ನು ಅಕ್ಕನೇ ಬೈಯುತ್ತಿದ್ದಳು. ಈ ಕರಡು ಬಿದ್ದುಹೋದರೆ ಮತ್ತೆ ಅದೇ. ಈ ಯೋಜನೆಯಲ್ಲಿ ದೊಡ್ಡ ಪಾಲು ಈಗಾಗಲೇ ಒಪ್ಪಿಗೆಯಾದ ಜಾಗಗಳಲ್ಲೇ ಇದೆ. ಕೇಂಬೋರ್ನ್‌ಗೆ ರೈಲು ಬರುತ್ತದೆ ಎಂದು ಅದರ ಉತ್ತರಕ್ಕೆ 13 ಸಾವಿರ ಮನೆ ಇಟ್ಟಿದ್ದಾರೆ. ರೈಲಿನ ಪಕ್ಕದಲ್ಲಿ ಮನೆ ಕಟ್ಟುವುದು ತಪ್ಪೇ?

ನಾನು: ಆ ರೈಲು 2030ರ ದಶಕದ ಮಾತು. ಆಕ್ಸ್‌ಫರ್ಡಿನಿಂದ ಕೇಂಬ್ರಿಡ್ಜಿಗೆ ಇದ್ದ ಹಳೆಯ ರೈಲನ್ನು 1967ರ ಕೊನೆಯಲ್ಲಿ ನಿಲ್ಲಿಸಿದವರು ಈಗ ಮತ್ತೆ ಹಾಕುತ್ತೇವೆ ಎನ್ನುತ್ತಿದ್ದಾರೆ. ನಾರ್ತ್‌ಸ್ಟೋವ್ ನೆನಪಿಲ್ಲವೇ? 10 ಸಾವಿರ ಮನೆಗಳಿಗೆಂದು ಯೋಜಿಸಿದ ಹೊಸ ಊರು. ಮೊದಲ ಕುಟುಂಬಗಳು 2017ರಲ್ಲಿ ಬಂದವು. ಎಷ್ಟೋ ವರ್ಷ ಒಂದು ಅಂಗಡಿ ಇರಲಿಲ್ಲ, ಊರೊಳಗೆ ವೈದ್ಯರಿರಲಿಲ್ಲ. ಹಾಲು ಬೇಕಾದರೆ ಕಾರು ತೆಗೆಯಬೇಕಿತ್ತು.

ತಮ್ಮ: ಶಾಲೆ ಮೊದಲೇ ಬಂದಿತ್ತು. ಬಸ್ ಮಾರ್ಗ 2011ರಿಂದಲೇ ಇತ್ತು. ನಿನಗೆ ಬೇಕಾದ್ದನ್ನು ಮಾತ್ರ ಹೇಳಬೇಡ.

ನಾನು: ಅಂಗಡಿ ಇಲ್ಲದೆ ಹತ್ತು ಮೈಲಿ ಹೋಗಬಹುದು. ನೀರಿಗೆ ಎಲ್ಲಿಗೆ ಹೋಗುತ್ತೀಯ? 2023ರಲ್ಲಿ ದೇಶದ ಪರಿಸರ ಸಂಸ್ಥೆಯೇ ನೀರಿನ ಕಾರಣ ಕೊಟ್ಟು ಇಲ್ಲಿನ ದೊಡ್ಡ ಬಡಾವಣೆಗಳಿಗೆ ತಕರಾರು ಹಾಕಿತು. ನಾನಲ್ಲ, ಸರ್ಕಾರದ ಸಂಸ್ಥೆ!

ತಮ್ಮ: ಅಕ್ಕಾ, ಒಂದು ಮಾತು ಕೇಳಿಬಿಡುತ್ತೇನೆ. ನಾವಿಬ್ಬರೂ ಹೊರಗಿನಿಂದ ಬಂದವರು. ನೀನು ಬಂದಾಗ ನಿಮ್ಮ ಹಳ್ಳಿಯವರು ಹೀಗೆಯೇ ‘ಇನ್ನು ಸಾಕು’ ಎಂದು ಪತ್ರ ಬರೆದಿದ್ದರೆ ನಿಮ್ಮ ಮನೆ ಇರುತ್ತಿತ್ತೇ? ನೀವು ಒಳಗೆ ಹೋದ ಮೇಲೆ ಅಗಳಿ ಹಾಕಿಕೊಳ್ಳುತ್ತಿದ್ದೀರಿ.

ನಾನು: *ಈ ಸಂದೇಶವನ್ನು ಅಳಿಸಲಾಗಿದೆ*

ಚಿಕ್ಕಮ್ಮ: ಅಳಿಸುವ ಮೊದಲೇ ನಾನು ಓದಿದೆ. ತಮ್ಮನಿಗೆ ಹಾಗೆ ಹೇಳಬಾರದಿತ್ತು. ಅವನೂ ನಿನಗೆ ಹಾಗೆ ಕೇಳಬಾರದಿತ್ತು. ಇಬ್ಬರೂ ಊಟ ಮಾಡಿ ಬನ್ನಿ.

ಒಂದೂವರೆ ಗಂಟೆ ಯಾರೂ ಏನೂ ಬರೆಯಲಿಲ್ಲ. ನಾನು ಕೋಟು ಹಾಕಿಕೊಂಡು ನೈನ್ ವೆಲ್ಸ್ ಬುಗ್ಗೆಗಳ ಬಳಿಗೆ ಹೋದೆ.

ನಾನು: [ಚಿತ್ರ] ದೊಡ್ಡಪ್ಪ, ನಾನು ಹೇಳುತ್ತಿದ್ದ ಬುಗ್ಗೆ ಇದೇ. ತಳದ ಬಿಳಿ ಕಲ್ಲು ಕಾಣಿಸುತ್ತದೆ ನೋಡಿ. 1610ರಿಂದ 1614ರ ನಡುವೆ ಇಲ್ಲಿಂದ ಕಾಲುವೆ ತೋಡಿ ಕೇಂಬ್ರಿಡ್ಜಿಗೆ ನೀರು ಒಯ್ದರು. ಊರೊಳಗೆ ಬೀದಿಯ ಎರಡೂ ಬದಿಗೆ ಅದು ಇನ್ನೂ ಹರಿಯುತ್ತದೆ. ಥಾಮಸ್ ಹಾಬ್ಸನ್ ಎಂಬ ಕುದುರೆ ಬಾಡಿಗೆಗೆ ಕೊಡುವವನ ಹೆಸರು ಕಾಲುವೆಗೆ ಇದೆ. ಅದನ್ನು ನೋಡಿಕೊಳ್ಳಲು ಅವನು ಜಮೀನು ಬಿಟ್ಟುಹೋದ. 1976ರ ಬರದಲ್ಲಿ ಈ ಬುಗ್ಗೆಗಳು ಬತ್ತಿ, ಇಲ್ಲಿದ್ದ ಅಪರೂಪದ ಜಲಜೀವಿಗಳು ಅಳಿದುಹೋದವು. ನೀರು ಆಮೇಲೆ ಬಂತು, ಅವು ಬರಲಿಲ್ಲ.

ದೊಡ್ಡಪ್ಪ: ಕಾಲುವೆಗೆ ಜಮೀನು ಬಿಟ್ಟವನು ದೊಡ್ಡ ಮನುಷ್ಯ. ಕಟ್ಟುವವರು ಬಹಳ ಜನ ಸಿಗುತ್ತಾರೆ, ಹೂಳೆತ್ತುವುದಕ್ಕೆ ದುಡ್ಡು ಇಡುವವರು ಇಲ್ಲ.

ತಮ್ಮ: ಆ ಹಾಬ್ಸನ್ ಬಾಗಿಲ ಬಳಿ ನಿಂತ ಕುದುರೆಯನ್ನೇ ತೆಗೆದುಕೊಳ್ಳಬೇಕು, ಇಲ್ಲದಿದ್ದರೆ ನಡೆದುಕೊಂಡು ಹೋಗಿ ಎನ್ನುತ್ತಿದ್ದನಂತೆ. ನನ್ನ ಬಾಡಿಗೆ ಕೋಣೆಯೂ ಹಾಗೆಯೇ ಸಿಕ್ಕಿದ್ದು, ಅಕ್ಕಾ. ಅದನ್ನು ನೀನು ಒಮ್ಮೆ ಬಂದು ನೋಡಿಲ್ಲ.

ನಾನು: ನೋಡಿಲ್ಲ, ನಿಜ. ಅಗಳಿಯ ಮಾತು ತುಂಬ ಚುಚ್ಚಿತು. ಸುಳ್ಳಾಗಿದ್ದರೆ ಅಷ್ಟು ಚುಚ್ಚುತ್ತಿರಲಿಲ್ಲ. ನಾಲ್ಕನೆಯ ಪ್ಯಾರಾ ತೆಗೆಯುತ್ತೇನೆ. ಗ್ರೇಂಜ್ ಫಾರ್ಮ್ ಎಂಬಲ್ಲಿ ಹೊಸ ಪಟ್ಟಣ ಬೇಡ ಎಂಬ ಸಾಲು ಇರುವುದಿಲ್ಲ, ಸಂಖ್ಯೆ ಇಳಿಸಿ ಎಂಬುದೂ ಇರುವುದಿಲ್ಲ. ಆದರೆ ನೀರಿನ ಸಾಲು ತೆಗೆಯುವುದಿಲ್ಲ. ಕೊಳವೆಯಲ್ಲಿ ಹೊಸ ನೀರು ಹರಿಯುವುದು ತಡವಾದಷ್ಟೂ ಹೊಸ ಬಡಾವಣೆಗಳಲ್ಲಿ ಜನ ಸೇರುವುದೂ ತಡವಾಗಬೇಕು. ಆಶ್ವಾಸನೆಯಾಗಿ ಅಲ್ಲ, ಷರತ್ತಾಗಿ ಯೋಜನೆಯಲ್ಲೇ ಇರಬೇಕು.

ತಮ್ಮ: ಅಷ್ಟಾದರೂ ನಾನು ಸಹಿ ಹಾಕುವುದಿಲ್ಲ. ಆ ಷರತ್ತಿನ ಬೆಲೆ ತೆರುವವರು ನನ್ನಂಥವರು. ಜಲಾಶಯ ಐದು ವರ್ಷ ತಡವಾದರೆ ನನ್ನ ಬಾಡಿಗೆ ಐದು ವರ್ಷ ಏರುತ್ತದೆ, ನಿನ್ನ ಮನೆಯ ಬೆಲೆಯೂ ಏರುತ್ತದೆ. ನಾನು ಬೇರೆ ಪತ್ರ ಬರೆಯುತ್ತೇನೆ. ಮನೆಗಳನ್ನು ಕಟ್ಟಿ, ಆದರೆ ಹೊಸ ಕಚೇರಿಗಳಿಗೂ ಪ್ರಯೋಗಾಲಯಗಳಿಗೂ ಅದೇ ನೀರಿನ ಷರತ್ತು ಹಾಕಿ ಎಂದು ಕೇಳುತ್ತೇನೆ. 73 ಸಾವಿರ ಉದ್ಯೋಗಗಳನ್ನು ಕರೆದು ಮನೆಗಳನ್ನು ಮಾತ್ರ ತಡೆದರೆ ಅದು ಅನ್ಯಾಯ.

ಅಣ್ಣ: ಇದು ಸರಿಯಾದ ಮಾತು. ವೈಟ್‌ಫೀಲ್ಡಿನಲ್ಲಿ ನಾವು ನೋಡಿದ್ದೂ ಇದನ್ನೇ. ಕಚೇರಿಗಳು ಮೊದಲು ಬಂದವು, ಉಳಿದದ್ದೆಲ್ಲ ಅವುಗಳ ಹಿಂದೆ ಓಡಿತು.

ನಾನು: ಉದ್ಯೋಗದ ವಿಷಯ ನನಗೆ ಹೊಳೆದಿರಲಿಲ್ಲ. ಅದನ್ನು ನನ್ನ ಪತ್ರಕ್ಕೂ ಸೇರಿಸಿಕೊಳ್ಳಲೇ?

ತಮ್ಮ: ಸೇರಿಸಿಕೋ. ಸಹಿ ಮಾತ್ರ ಕೇಳಬೇಡ.

ಚಿಕ್ಕಮ್ಮ: ಶನಿವಾರ ಅವನನ್ನು ಊಟಕ್ಕೆ ಕರೆ. ಇಲ್ಲವೇ ನೀನೇ ಅವನ ಕೋಣೆಗೆ ಹೋಗು.

ನಾನು: ನಾನೇ ಹೋಗುತ್ತೇನೆ.

ದೊಡ್ಡಪ್ಪ: ಎರಡೂ ಪತ್ರಗಳನ್ನು ಕಳುಹಿಸುವ ಮೊದಲು ಇಲ್ಲಿ ಹಾಕಿ. ಅಭಿಪ್ರಾಯ ನಿಮ್ಮದು, ಅದನ್ನು ತಿದ್ದುವುದಿಲ್ಲ. ಅಂಕಿಗಳನ್ನು ಮಾತ್ರ ನೋಡುತ್ತೇನೆ. ಮತ್ತೆ, ಆ ಬುಗ್ಗೆಯ ಬಳಿ ಅಂತರ್ಜಲ ಅಳೆಯುವ ಕೊಳವೆ ಇದೆಯೇ? ಇದ್ದರೆ ಕಳೆದ 20 ವರ್ಷದ ಮಟ್ಟ ಎಲ್ಲಿ ಸಿಗುತ್ತದೆ, ವಿಚಾರಿಸಿ ನನಗೆ ತಿಳಿಸು.